ಸೀಟು ಒಣಗುವ ಹೊತ್ತಿನ ದರ

ಅಂಬಾಸಿಡರ್ ಟ್ಯಾಕ್ಸಿಗಳ ಕಾಲದಲ್ಲಿ ಸೀಟು ಕ್ಲೀನ್ ಮಾಡುವುದಕ್ಕೆ ದರ ಅಂತ ಒಂದಿರಲಿಲ್ಲ. ಸೀಟನ್ನು ಯಾರೂ ತೊಳೆಯುತ್ತಿರಲಿಲ್ಲ, ಅದರ ಮೇಲೆ ಹೊದಿಸಿದ ಬಿಳಿ ಬಟ್ಟೆಯನ್ನು ತೊಳೆಸುತ್ತಿದ್ದರು. ಬಾಡಿಗೆ ಕಾರಿನ ಮಾಲೀಕರು ಎರಡು ಜೊತೆ ಕವರ್ ಹೊಲಿಸಿಟ್ಟುಕೊಳ್ಳುತ್ತಿದ್ದರು. ಒಂದು ಜೊತೆ ಗಾಡಿಯಲ್ಲಿದ್ದರೆ ಇನ್ನೊಂದು ದೋಬಿಯ ಹತ್ತಿರ. ದೋಬಿ ಬಟ್ಟೆ ಎಣಿಸಿ ದುಡ್ಡು ಹೇಳುತ್ತಿದ್ದ. ಹಿಂದಿನ ಸೀಟಿನದು ದೊಡ್ಡದು, ಮುಂದಿನದು ಚಿಕ್ಕದು, ತಲೆ ಒರಗುವ ಜಾಗದ ಟವೆಲ್‌ಗೆ ಬೇರೆ. ತಿಂಗಳ ಕೊನೆಗೆ ಲೆಕ್ಕ. ಬಟ್ಟೆ ದೋಬಿಘಾಟಿನಲ್ಲಿ ಒಣಗುತ್ತಿರುವಾಗ ಗಾಡಿ ಬಾಡಿಗೆ ದುಡಿಯುತ್ತಿತ್ತು. ಇಂದು ಈ ಕಸುಬಿನಲ್ಲಿ ಕೊಟೇಶನ್ ಬರೆಯುವಾಗ ನನ್ನನ್ನು ಕಾಡುವುದು ಶಾಂಪೂವಿನ ಬೆಲೆಯಲ್ಲ, ಕೂಲಿಯೂ ಅಲ್ಲ, ಆ ಒಣಗುವ ಹೊತ್ತು. ಅದನ್ನು ಯಾರ ಖಾತೆಗೆ ಬರೆಯಬೇಕು ಅನ್ನುವುದು.

ನಾನು ಬೆಂಗಳೂರಿನ ಜೆ.ಸಿ. ರಸ್ತೆಯ ಒಂದು ಸೀಟ್ ಕವರ್ ಅಂಗಡಿಗೆ ಸೇರುವ ಹೊತ್ತಿಗೆ ಆ ಬಿಳಿ ಬಟ್ಟೆ ಕಡಿಮೆಯಾಗುತ್ತಿತ್ತು. ಕಲಾಸಿಪಾಳ್ಯದ ಕಡೆಯಿಂದ ಬರುತ್ತಿದ್ದ ಮಟಾಡೋರ್, ಮ್ಯಾಕ್ಸಿಕ್ಯಾಬ್‌ಗಳಿಗೆಲ್ಲ ರೆಕ್ಸಿನ್. ರೆಕ್ಸಿನ್ ಮೇಲೆ ಏನು ಚೆಲ್ಲಿದರೂ ಒಳಗಿಳಿಯುವುದಿಲ್ಲ. ವಾಟರ್ ಸರ್ವಿಸ್‌ಗೆ ಬಿಟ್ಟರೆ ಅಲ್ಲಿನ ಹುಡುಗ ಒದ್ದೆ ಬಟ್ಟೆಯಲ್ಲಿ ಸೀಟನ್ನೂ ಒರೆಸಿ ಕೊಡುತ್ತಿದ್ದ, ಅದಕ್ಕೆ ಬೇರೆ ಕಾಸಿಲ್ಲ. ಹೊಲಿಗೆ ಬಿಟ್ಟ ಕಡೆ ನೀರು ಇಳಿದು ಒಳಗಿನ ರಬ್ಬರ್ ಹಾಕಿದ ತೆಂಗಿನ ನಾರು ಮುಗ್ಗಲು ಹಿಡಿಯುತ್ತಿತ್ತು. ಆಗ ತೊಳೆಯುವ ಮಾತೇ ಇಲ್ಲ, ನಾರು ಕಿತ್ತು ಹೊಸದು ತುಂಬಿ ರೆಕ್ಸಿನ್ ಹೊಡೆಯುವುದೇ. ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ದಿನ ಹತ್ತಿರ ಬಂದ ಗಾಡಿಗಳು ಆ ಕೆಲಸಕ್ಕೆಂದೇ ಬಂದು ನಿಲ್ಲುತ್ತಿದ್ದವು.

ಬಟ್ಟೆ ಸೀಟಿನ ಯೆಲ್ಲೋ ಬೋರ್ಡ್ ಗಾಡಿಗಳು ನಮ್ಮಲ್ಲಿಗೆ ಹೆಚ್ಚಾಗಿ ಬರತೊಡಗಿದ್ದು ಮೊದಲು ಸುಮೋ, ಆಮೇಲೆ 2000ದಲ್ಲಿ ಬಂದ ಕ್ವಾಲಿಸ್‌ನಿಂದ. ಮೇಲೆ ಪಾಲಿಯೆಸ್ಟರ್ ಬಟ್ಟೆ, ಅದರ ಹಿಂದೆ ತೆಳು ಸ್ಪಂಜು, ಒಳಗೆ ದಪ್ಪ ಫೋಮ್. ಕಾಲ್ ಸೆಂಟರ್‌ಗಳು ಶುರುವಾಗಿದ್ದ ಕಾಲ ಅದು. ಊರಿನಲ್ಲಿ ಜಮೀನು ಮಾರಿಯೋ ಸಾಲ ಮಾಡಿಯೋ ಕ್ವಾಲಿಸ್ ಕೊಂಡು ಕಂಪನಿಗೆ ಅಟ್ಯಾಚ್ ಮಾಡಿದವರು ಎಷ್ಟೋ ಜನ. ಗಾಡಿ ರಾತ್ರಿ ಪಿಕಪ್ ಮಾಡಿ ಬೆಳಗಿನ ಜಾವ ಡ್ರಾಪ್ ಮುಗಿಸುತ್ತಿತ್ತು. ಆಮೇಲೆ ಡ್ರೈವರ್ ಮಲಗುತ್ತಿದ್ದ. ಸಂಜೆಯವರೆಗೆ ಗಾಡಿಗೆ ಕೆಲಸವಿಲ್ಲ.

ಸೀಟು ತೊಳೆಯುವ ನಮ್ಮ ದರ ನಿಂತಿದ್ದದ್ದು ಆ ಹಗಲಿನ ಮೇಲೆ. ಹತ್ತು ಗಂಟೆಗೆ ಗಾಡಿ ಬಂದರೆ ಹನ್ನೆರಡೂವರೆಗೆ ಶಾಂಪೂ ನೊರೆ ಉಜ್ಜಿ, ಬಟ್ಟೆಯಲ್ಲಿ ಎಳೆದು, ನಾಲ್ಕೂ ಬಾಗಿಲು ತೆರೆದು ಬಿಸಿಲಿಗೆ ನಿಲ್ಲಿಸುತ್ತಿದ್ದೆವು. ಐದಕ್ಕೆ ಡ್ರೈವರ್ ಬಂದು ಕೈಯಿಟ್ಟು ನೋಡಿದರೆ ಸೀಟು ಒಣಗಿರುತ್ತಿತ್ತು. ಸುಮೋಗೆ 300, ಕ್ವಾಲಿಸ್‌ಗೆ 350, ರೂಫ್ ಲೈನಿಂಗ್ ಸೇರಿ. ಅಂಗಡಿಯ ಯಜಮಾನರು ಅದಕ್ಕೆ ಪುಸ್ತಕದ ಲೆಕ್ಕ ಹಾಕಿದವರಲ್ಲ. ಶಾಂಪೂ ಇಷ್ಟು, ಹುಡುಗರ ದಿನಗೂಲಿ ಇಷ್ಟು, ಮಿಕ್ಕಿದ್ದು ಅಂಗಡಿಗೆ. ಒಣಗಿಸಿ ಕೊಡುತ್ತಿದ್ದವನು ಸೂರ್ಯ, ಕಾಯುತ್ತಿದ್ದದ್ದು ಹೇಗೂ ನಿಂತಿರುವ ಗಾಡಿ. ಇಬ್ಬರಿಗೂ ದುಡ್ಡು ಕೊಡಬೇಕಾಗಿರಲಿಲ್ಲ.

ಕಲೆಗೆ ಮಾತ್ರ ಅವರು ಬೇರೆ ದರ ಹೇಳುತ್ತಿದ್ದರು, ಅದನ್ನು ಹೇಳುವ ಮೊದಲು ಗಾಡಿಯೊಳಗೆ ಕೂತು ನೋಡುತ್ತಿದ್ದರು. ನೋಡುವ ರೀತಿಯನ್ನು ನಾನು ಇವತ್ತಿಗೂ ಬಿಟ್ಟಿಲ್ಲ. ಬಿಳಿ ಕಾಟನ್ ಬಟ್ಟೆಯನ್ನು ಒದ್ದೆ ಮಾಡಿ ಹಿಂಡಿ, ಡ್ರೈವರ್ ಸೀಟಿನ ಬೆನ್ನಿನ ಮೇಲೆ ಒಂದು ಗೇಣಿನಷ್ಟು ಜಾಗದಲ್ಲಿ ಒತ್ತಿ ಉಜ್ಜಬೇಕು. ಬಟ್ಟೆ ಬೂದಿ ಬಣ್ಣಕ್ಕೆ ಬಂದರೆ ಧೂಳು, ಒಂದು ಕೈ ಸಾಕು. ಕಂದಾಗಿ ಜಿಡ್ಡು ಹತ್ತಿದರೆ ಬೆವರು, ತಲೆಗೆ ಹಚ್ಚಿದ ಕೊಬ್ಬರಿ ಎಣ್ಣೆ. ಎರಡು ಸಲ ಉಜ್ಜಬೇಕು. ಆಮೇಲೆ ಹಿಂದಿನ ಸೀಟಿನ ಕುಳಿತುಕೊಳ್ಳುವ ಭಾಗ ಮತ್ತು ಬೆನ್ನು ಕೂಡುವ ಸಂದಿಗೆ ಬೆರಳು ಹಾಕಿ ಮೂಸಬೇಕು. ಕಣ್ಣಿಗೆ ಕಾಣದ ಹಾಲು, ವಾಂತಿ ಎಲ್ಲ ಅಲ್ಲಿ ಸಿಗುತ್ತದೆ. ಚಾರ್ಮಾಡಿ, ಆಗುಂಬೆ ಘಾಟಿ ಹತ್ತಿಳಿದು ಬಂದ ಗಾಡಿಗಳನ್ನು ಆ ಸಂದಿ ನೋಡದೆ ಒಪ್ಪಿಕೊಳ್ಳುತ್ತಲೇ ಇರಲಿಲ್ಲ.

ಕಲೆಗೆ ಬೇರೆ ದರ ಯಾಕೆ ಅಂದರೆ ಕಲೆ ಕೇಳುವುದು ಸಮಯವನ್ನು. ಮದುವೆ ದಿಬ್ಬಣ ಹೋಗಿ ಬಂದ ಗಾಡಿಯಲ್ಲಿ ಅರಿಶಿನ ಬಿದ್ದಿರುತ್ತದೆ. ಅವಸರದವರು ಅದರ ಮೇಲೆ ಕಟುವಾದ ಶಾಂಪೂ ಸಿಂಪಡಿಸುತ್ತಾರೆ, ಹಳದಿ ಕಲೆ ಕಣ್ಣೆದುರೇ ಕೆಂಪಾಗುತ್ತದೆ. ಅರಿಶಿನದ ನೀರಿಗೆ ಸುಣ್ಣ ಹಾಕಿ ಆರತಿ ಕದಡಿದವರಿಗೆಲ್ಲ ಗೊತ್ತಿರುವ ಸಂಗತಿಯೇ ಅದು. ಶಾಂಪೂವಿನಲ್ಲಿರುವ ಕ್ಷಾರ ಸುಣ್ಣದ ಕೆಲಸವನ್ನೇ ಮಾಡುತ್ತದೆ. ಸರಿಯಾದ ದಾರಿ ಅಂದರೆ ತೆಳು ವಿನೆಗರ್ ಹಚ್ಚಿ ಎತ್ತಿ, ಮಿಕ್ಕಿದ್ದನ್ನು ಬಿಸಿಲಿಗೆ ಬಿಡುವುದು. ಅರಿಶಿನದ ಬಣ್ಣ ಬಿಸಿಲಿಗೆ ತಾನೇ ಮಾಸುತ್ತದೆ. ಹಾಲಿಗೆ ಬಿಸಿನೀರು ಹಾಕಿದರೆ ಅದು ಬಟ್ಟೆಗೆ ಕಚ್ಚಿಕೊಳ್ಳುತ್ತದೆ, ತಣ್ಣೀರಿನಲ್ಲೇ ತೆಗೆಯಬೇಕು. ನವೆಂಬರ್‌ನಿಂದ ಜನವರಿಯವರೆಗೆ ಶಬರಿಮಲೆಗೆ ಹೋಗಿ ಬಂದ ಗಾಡಿಗಳಲ್ಲಿ ಇರುಮುಡಿಯ ತುಪ್ಪ ಸೋರಿರುತ್ತದೆ. ಅದಕ್ಕೆ ಮೊದಲು ನೀರೇ ತಾಗಿಸಬಾರದು. ಪುಡಿ ಉದುರಿಸಿ ಜಿಡ್ಡು ಹೀರಿಸಿ, ಆಮೇಲೆ ಜಿಡ್ಡು ತೆಗೆಯುವ ದ್ರಾವಣ, ಕೊನೆಗೆ ಶಾಂಪೂ. ಗುಟ್ಕಾ ಕಲೆ ಇದ್ದರೆ ಯಜಮಾನರು ಮೊದಲೇ ಹೇಳಿಬಿಡುತ್ತಿದ್ದರು, ಪೂರ್ತಿ ಹೋಗುವುದಿಲ್ಲ, ತಿಳಿಯಾಗುತ್ತದೆ, ಒಪ್ಪಿದರೆ ಬಿಡಿ ಅಂತ. ಆ ಮಾತು ಕೂಡ ದರದ ಭಾಗ ಅಂತಲೇ ನಾನು ತಿಳಿದಿದ್ದೇನೆ.

2005ರಲ್ಲಿ ಕ್ವಾಲಿಸ್ ನಿಂತು ಇನೋವಾ ಬಂತು. 2008ರ ಮೇನಲ್ಲಿ ಎಚ್‌ಎಎಲ್‌ನಿಂದ ವಿಮಾನಗಳು ದೇವನಹಳ್ಳಿಗೆ ಹೋದವು, ಏರ್‌ಪೋರ್ಟ್ ಟ್ಯಾಕ್ಸಿ ಅನ್ನುವುದೇ ಒಂದು ದೊಡ್ಡ ವ್ಯವಹಾರವಾಯಿತು. ಆಮೇಲೆ ಮೊಬೈಲ್ ಆ್ಯಪ್‌ಗಳು. ಇಷ್ಟರಲ್ಲಿ ನಾನು ಸ್ವಂತ ಯೂನಿಟ್ ಮಾಡಿಕೊಂಡಿದ್ದೆ, ನೀರು ಚಿಮ್ಮಿಸಿ ಜೊತೆಯಲ್ಲೇ ಕೊಳೆ ನೀರನ್ನು ಎಳೆದುಕೊಳ್ಳುವ ಎಕ್ಸ್‌ಟ್ರ್ಯಾಕ್ಷನ್ ಮೆಷಿನ್ ತಂದಿದ್ದೆ. ಕೆಲಸ ಮೊದಲಿಗಿಂತ ಎಷ್ಟೋ ಚೆನ್ನಾಗಿ ಆಗುತ್ತಿತ್ತು. ಆದರೆ ಗಾಡಿ ನಿಲ್ಲುವುದು ನಿಂತುಹೋಗಿತ್ತು. ಬೆಳಗ್ಗೆ ಒಬ್ಬ ಡ್ರೈವರ್, ರಾತ್ರಿ ಇನ್ನೊಬ್ಬ. ಇಎಂಐ ಕಟ್ಟುವವನಿಗೆ ಗಾಡಿ ಒಂದು ಶಿಫ್ಟ್ ನಿಂತರೆ ಆ ದಿನದ ದುಡಿಮೆ ಹೋದಂತೆ. ಸೀಟು ಒಣಗಲು ಒಳ್ಳೆಯ ಬಿಸಿಲಿನಲ್ಲೇ ನಾಲ್ಕೈದು ಗಂಟೆ ಬೇಕು, ಜುಲೈನ ಮೋಡದಲ್ಲಿ ಅದರ ಎರಡರಷ್ಟು. ಈಗ ಅದನ್ನು ರಾತ್ರಿ ಎರಡರಿಂದ ಐದರೊಳಗೆ ಮುಗಿಸಿ ಅಂದರೆ ಬ್ಲೋವರ್ ಬೇಕು, ಕರೆಂಟು ಬೇಕು, ರಾತ್ರಿ ಪಾಳಿಯ ಹುಡುಗರು ಬೇಕು.

ಇದೇ ಹೊತ್ತಿಗೆ ದರ ಕೇಳುವ ರೀತಿಯೂ ಬದಲಾಯಿತು. ಗಾಡಿಯಲ್ಲಿ ಕೂತು ನೋಡುವವರಿಲ್ಲ. ಕಂಪನಿಗಳಿಗೆ ಕ್ಯಾಬ್ ಒದಗಿಸುವ ವೆಂಡರ್‌ಗಳು ಒಂದು ಹಾಳೆ ಕಳಿಸುತ್ತಾರೆ: ಐದು ಸೀಟಿನದು ಎಷ್ಟು, ಏಳು ಸೀಟಿನದು ಎಷ್ಟು, ಟಿಟಿ (ಟೆಂಪೋ ಟ್ರಾವೆಲರ್) ಎಷ್ಟು, ತಿಂಗಳಿಗೆ ಇಷ್ಟು ಗಾಡಿ. ಸೀಟು ಎಣಿಸಿ ಗುಣಿಸಿದರೆ ಮುಗಿಯಿತು. ದೋಬಿಯೂ ಎಣಿಸಿಯೇ ದುಡ್ಡು ಹೇಳುತ್ತಿದ್ದ, ನಿಜ. ಆದರೆ ಅವನು ಎಣಿಸುತ್ತಿದ್ದ ಬಟ್ಟೆ ಎಲ್ಲ ಒಂದೇ ಥರ. ಏರ್‌ಪೋರ್ಟ್ ಸೆಡಾನಿನ ಹಿಂದಿನ ಸೀಟೂ ಶಾಲಾ ಮಕ್ಕಳ ವ್ಯಾನಿನ ಸೀಟೂ ಒಂದೇ ದರಕ್ಕೆ ಬರಲಾರವು.

ಒಂದು ಸೆಡಾನಿನ ಲೆಕ್ಕವನ್ನೇ ಬಿಡಿಸಿ ಹೇಳುತ್ತೇನೆ. ಸೀಟು, ನೆಲದ ಕಾರ್ಪೆಟ್, ಬಾಗಿಲಿನ ಪ್ಯಾಡು, ರೂಫ್ ಸೇರಿ ಇಬ್ಬರಿಗೆ ಒಂದೂವರೆ ಗಂಟೆ, ಅಂದರೆ ಮೂರು ಆಳು-ಗಂಟೆ. ತಿಂಗಳಿಗೆ 18,000 ಸಂಬಳದ ಹುಡುಗನಿಗೆ ಪಿಎಫ್, ಇಎಸ್‌ಐ ಕಟ್ಟಿದರೆ ಸುಮಾರು 21,000 ಆಗುತ್ತದೆ. 26 ದಿನ, ದಿನಕ್ಕೆ 8 ಗಂಟೆ ಎಂದರೆ ಗಂಟೆಗೆ 100 ರೂಪಾಯಿ. ಮೂರು ಗಂಟೆಗೆ 300 ಅಂತ ಬರೆದುಕೊಂಡರೆ ಅಲ್ಲೇ ನಷ್ಟ. ಎಂಟು ಗಂಟೆಯಲ್ಲಿ ಎರಡು ಗಂಟೆ ಗಾಡಿ ಬರುವುದನ್ನು ಕಾಯುವುದರಲ್ಲೇ ಹೋಗುತ್ತದೆ, ಆ ಸಂಬಳವನ್ನೂ ದುಡಿದ ಗಂಟೆಗಳೇ ಹೊರಬೇಕು. ಆದ್ದರಿಂದ 400. ಶಾಂಪೂ ಮತ್ತಿತರ ದ್ರಾವಣಕ್ಕೆ 80, ನೀರು ಕರೆಂಟಿಗೆ 20, ಮೆಷಿನ್ ಸವಕಲಿಗೆ 50, ಓಡಾಟಕ್ಕೆ 60, ಬಾಡಿಗೆ ಫೋನು ಇತ್ಯಾದಿಗೆ 100. ಒಟ್ಟು 710. ಮಾಡಿದ್ದನ್ನು ಮತ್ತೆ ಮಾಡಬೇಕಾಗುವುದು, ಅರವತ್ತು ದಿನ ತಡವಾಗಿ ಬರುವ ಬಿಲ್ಲಿನ ಹಣ, ನನ್ನ ಲಾಭ, ಎಲ್ಲಕ್ಕೂ ಸೇರಿ ನೂರಕ್ಕೆ ಇಪ್ಪತ್ತೈದು ಇಟ್ಟರೆ ಸುಮಾರು 890. ಅದರ ಮೇಲೆ ಶೇ. 18 ಜಿಎಸ್‌ಟಿ. ಬ್ಲೋವರ್ ಇನ್ನೂ ಈ ಲೆಕ್ಕದೊಳಗೆ ಬಂದಿಲ್ಲ.

ಇದೇ ಕೆಲಸಕ್ಕೆ 500 ಅಂತ ಬರೆದುಕೊಡುವವರು ಇದ್ದೇ ಇರುತ್ತಾರೆ, ಹಾಳೆ ಅವರ ಕಡೆಗೇ ವಾಲುತ್ತದೆ. ಅವರನ್ನು ನಾನು ಬೈಯುವುದಿಲ್ಲ, ಅವರೂ ಬದುಕಬೇಕು. ಆದರೆ ಆ ದರಕ್ಕೆ ಏನು ಬಿಟ್ಟುಹೋಗುತ್ತದೆ ಅನ್ನುವುದು ನನಗೆ ಗೊತ್ತು. ನೀರು ಎಳೆಯುವುದನ್ನು ಬಿಡುತ್ತಾರೆ. ಶಾಂಪೂ ಹಾಕಿ ಬ್ರಷ್ ಉಜ್ಜಿ ಮೇಲಿನ ನೊರೆ ಒರೆಸಿದರೆ ಸೀಟು ಆಗ ಹೊಳೆಯುತ್ತದೆ. ಕೊಳೆ ಮತ್ತು ನೀರು ಎರಡೂ ಫೋಮಿಗೆ ಇಳಿದಿರುತ್ತವೆ. ಮೂರನೇ ದಿನ ಮುಗ್ಗಲು ವಾಸನೆ ಏಳುತ್ತದೆ, ವಾರದೊಳಗೆ ಕಲೆ ಮತ್ತೆ ಮೇಲೆ ಬರುತ್ತದೆ. ಬಟ್ಟೆ ಒಣಗುವಾಗ ಒಳಗಿನ ಕೊಳೆಯನ್ನೂ ಮೇಲಕ್ಕೆ ಎಳೆದುಕೊಳ್ಳುತ್ತದೆ. ಪ್ಯಾಸೆಂಜರ್ ಆ್ಯಪ್‌ನಲ್ಲಿ ಸ್ಟಾರ್ ಕಡಿಮೆ ಕೊಡುವುದು ಡ್ರೈವರಿಗೆ. ವೆಂಡರ್ ಉಳಿಸಿದ 400 ರೂಪಾಯಿಯನ್ನು ಡ್ರೈವರ್ ಇನ್ನೊಂದು ರೂಪದಲ್ಲಿ ಕಟ್ಟುತ್ತಾನೆ. ಈ ಕಸುಬಿನಲ್ಲಿ ನನಗೆ ಅತ್ಯಂತ ಅನ್ಯಾಯ ಅನ್ನಿಸುವುದು ಇದೇ.

2020ರಲ್ಲಿ ಇನ್ನೊಂದು ಥರದ ದರ ಬಂತು, ಸ್ಯಾನಿಟೈಸೇಷನ್‌ದು. ಗಾಡಿಗೆ ಇಷ್ಟು ಅಂತ ಗೊತ್ತು ಮಾಡಿ ಸೋಡಿಯಂ ಹೈಪೋಕ್ಲೋರೈಟ್ ಸಿಂಪಡಿಸಿ ಕಳಿಸುತ್ತಿದ್ದರು. ಅದು ಬ್ಲೀಚು. ಬಟ್ಟೆಯ ಮೇಲೆ ಬಿದ್ದ ಕಡೆ ಬಣ್ಣ ಹೋಯಿತು, ಸೀಟಿನ ಕೆಳಗಿನ ರೈಲಿಗೆ ತುಕ್ಕು ಹತ್ತಿತು. ಮುಂದಿನ ವರ್ಷ ಬಂದ ಗಾಡಿಗಳಲ್ಲಿ ಚುಕ್ಕೆ ಚುಕ್ಕೆ ಬೆಳ್ಳಗಾದ ಸೀಟುಗಳನ್ನು ತೋರಿಸಿ ಇದನ್ನು ತೊಳೆಯಿರಿ ಅನ್ನುತ್ತಿದ್ದರು. ಹೋದ ಬಣ್ಣವನ್ನು ತೊಳೆದು ತರಲಾಗದು. ಕವರ್ ಹೊಲಿಸಿ ಅಂತ ಜೆ.ಸಿ. ರಸ್ತೆಗೆ ಕಳಿಸುತ್ತಿದ್ದೆ.

2024ರ ಮಾರ್ಚ್‌ನಲ್ಲಿ ಜಲಮಂಡಳಿ ಕುಡಿಯುವ ನೀರಿನಲ್ಲಿ ವಾಹನ ತೊಳೆಯುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ಹಾಕಿತು. ಅದು ಸರಿಯಾದ ತೀರ್ಮಾನ, ಬೋರ್‌ವೆಲ್‌ಗಳು ಬತ್ತಿದ್ದ ಬೇಸಿಗೆ ಅದು. ಒಳಗಿನ ಸೀಟಿಗೆ ಬೇಕಾದ ನೀರು ಕಡಿಮೆ, ನಮ್ಮ ಮೆಷಿನ್ನಿಗೆ ಒಂದು ಸೆಡಾನಿಗೆ ಹತ್ತು ಲೀಟರ್ ಸಾಕು. ಆದರೂ ಟ್ಯಾಂಕರ್ ಕಾಯುವ ದಿನಗಳಲ್ಲಿ ಆ ಹತ್ತು ಲೀಟರ್ ಕೂಡ ಕೊಟೇಶನ್ನಿನ ಒಂದು ಸಾಲಾಯಿತು. ಹೊಸ ಗಾಡಿಗಳಲ್ಲಿ ಇನ್ನೊಂದು ಎಚ್ಚರ ಬೇಕು. ಮೊದಲು ನಾಲ್ಕು ಬೋಲ್ಟ್ ಬಿಚ್ಚಿ ಸೀಟನ್ನು ಹೊರಗೆ ಬಿಸಿಲಿಗೆ ಇಡುತ್ತಿದ್ದೆವು. ಈಗ ಕೆಲವು ಸೀಟಿನ ಪಕ್ಕದಲ್ಲೇ ಏರ್‌ಬ್ಯಾಗ್ ಇರುತ್ತದೆ, ಕೆಳಗೆ ಹಳದಿ ಕನೆಕ್ಟರ್. ಬ್ಯಾಟರಿ ತೆಗೆದು ಕೆಲವು ನಿಮಿಷ ಕಾಯದೆ ಅದನ್ನು ಮುಟ್ಟಬಾರದು, ನೀರು ತಾಗಲೇಬಾರದು. ಆ ಕನೆಕ್ಟರ್ ಕಂಡರೆ ನಾವು ಸೀಟು ಬಿಚ್ಚುವುದಿಲ್ಲ, ಗಾಡಿಯೊಳಗೇ ಕೆಲಸ ಮಾಡುತ್ತೇವೆ. ಹಾಗಾಗಿ ಒಣಗುವ ಹೊತ್ತು ಮತ್ತಷ್ಟು ಉದ್ದ.

ಈಗ ನಾನು ಕೊಡುವ ಕೊಟೇಶನ್‌ನಲ್ಲಿ ಸೀಟಿನ ಲೆಕ್ಕ ಇರುತ್ತದೆ, ಅದಿಲ್ಲದೆ ಯಾರೂ ಹಾಳೆ ಓದುವುದಿಲ್ಲ. ಅದರ ಕೆಳಗೆ ಎರಡು ಮಾತು ಸೇರಿಸುತ್ತೇನೆ. ಕಲೆ ಇದ್ದರೆ ಗಾಡಿ ನೋಡಿ ಬೇರೆ ದರ; ಗಾಡಿಯನ್ನು ಹಗಲು ಆರು ಗಂಟೆ ಬಿಟ್ಟರೆ ಒಂದು ದರ, ರಾತ್ರಿ ಮೂರು ಗಂಟೆ ಬಿಟ್ಟರೆ ಹೆಚ್ಚಿನ ದರ. ಬಹಳ ವೆಂಡರ್‌ಗಳು ಮೊದಲು ಇದನ್ನು ಹೊಡೆದುಹಾಕಿ ವಾಪಸ್ ಕಳಿಸುತ್ತಿದ್ದರು. ಒಪ್ಪಿದವರಲ್ಲಿ ಮೊದಲಿಗರು ಶಾಲಾ ವ್ಯಾನುಗಳನ್ನು ಓಡಿಸುವವರು. ಅವರ ಗಾಡಿಗಳು ಬೇಸಿಗೆ ರಜೆಯಲ್ಲಿ ಹೇಗೂ ಶೆಡ್ಡಿನಲ್ಲಿರುತ್ತವೆ. ಹದಿಮೂರು ಸೀಟಿನ ವ್ಯಾನಿಗೆ ಏಪ್ರಿಲ್‌ನಲ್ಲಾದರೆ 2,600, ಶಾಲೆ ಶುರುವಾದ ಮೇಲೆ ಜೂನ್‌ನಲ್ಲಾದರೆ 3,200 ಅಂತ ಬರೆದುಕೊಟ್ಟಿದ್ದೆ. ಮೊದಲ ವರ್ಷ ಅರ್ಧದಷ್ಟು ವ್ಯಾನುಗಳು ಜೂನ್‌ನ ಮಳೆಯಲ್ಲೇ ಬಂದವು, ಬಿಲ್ಲು ಹೆಚ್ಚಾಯಿತು ಅಂತ ಜಗಳವೂ ಆಯಿತು. ಮರು ವರ್ಷ ಎಲ್ಲವನ್ನೂ ಏಪ್ರಿಲ್‌ನಲ್ಲೇ ಕಳಿಸಿದರು. ಸೀಟುಗಳನ್ನು ಬಿಚ್ಚಿ ಎರಡು ದಿನ ಪೂರ್ತಿ ಬಿಸಿಲಿಗೆ ಇಟ್ಟು ಕೊಟ್ಟೆವು, ಬ್ಲೋವರ್ ಹಾಕಬೇಕಾಗಲಿಲ್ಲ.