ನಡುವೆ ಎಲ್ಲೂ ನಿಲ್ಲಿಸಬಾರದು



ಕೈಲಾದ ವರ್ಷಗಳಲ್ಲೆಲ್ಲ ವಿಜಯದಶಮಿಗೆ ನಾಗಪುರದ ದೀಕ್ಷಾಭೂಮಿಗೆ ಹೋಗಿದ್ದೇನೆ. 2025ರಲ್ಲಿ ಮಾತ್ರ ಆ ಹೊತ್ತಿಗೆ ಕುದುರೆಮುಖದ ಕಾಡಿನ ದಾರಿಯಲ್ಲಿದ್ದೆ. ಎರಡು ಫೋಟೊ ನೋಡಿದ ಗೆಳೆಯರೊಬ್ಬರು "ಏನ್ ಸಾರ್, ಹೋರಾಟಗಾರರೂ ಟ್ರಿಪ್ ಹೊಡೆಯೋಕೆ ಶುರು ಮಾಡಿದ್ರಾ?" ಅಂದರು. ತಮಾಷೆಗೇ ಅಂದದ್ದು. ಆದರೂ ಉತ್ತರ ಸ್ವಲ್ಪ ಉದ್ದವಾಗೇ ಬರೀತೀನಿ.

ನಮ್ಮ ಕುಂದಾಣದ ಸುತ್ತಮುತ್ತಲ ರಸ್ತೆಗಳಲ್ಲಿ ಭಾನುವಾರ ಬೆಳಗಿನ ಜಾವಕ್ಕೆ ಕಾರುಗಳ ಸಾಲು. ಎಲ್ಲಾ ಬೆಂಗಳೂರಿಂದ ನಂದಿಬೆಟ್ಟಕ್ಕೆ ಸೂರ್ಯ ಹುಟ್ಟೋದನ್ನ ನೋಡೋಕೆ ಹೋಗೋರು. ಅದೇ ಹೊತ್ತಿಗೆ ನಮ್ಮವ್ವ ದ್ರಾಕ್ಷಿ ತೋಟದ ಕೂಲಿಗೆ ಹೋಗ್ತಿದ್ದಳು. ಸೂರ್ಯ ಹುಟ್ಟೋದನ್ನ ಅವಳು ದಿನಾ ನೋಡಿದಾಳೆ, ಟಿಕೆಟ್ ಇಲ್ಲದೆ. ಆದರೆ ಬರೀ ನೋಡೋಕೆ ಅಂತ ಎಲ್ಲಿಗೂ ಹೋದವಳಲ್ಲ. ನಮ್ಮ ಪ್ರಯಾಣ ಅಂದರೆ ಸಮಾವೇಶ, ಧರಣಿ, ಆಸ್ಪತ್ರೆ, ಕೋರ್ಟು. ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆ ಉಳಿಸೋಕೆ ರೈತರು ಮೂರು ವರ್ಷ ಮೀರಿ ಕೂತರಲ್ಲ, ಆ ಟೆಂಟಿಗೂ ಅವ್ವ ಎಷ್ಟೋ ದಿನ ಬಂದು ಕೂತಿದ್ದಾಳೆ. ಜುಲೈ 15ರಂದು ಭೂಸ್ವಾಧೀನ ಕೈಬಿಟ್ಟೆವು ಅಂತ ಮುಖ್ಯಮಂತ್ರಿ ಹೇಳಿದ ಸಂಜೆ ನಾನು, "ಅವ್ವ, ಎಲ್ಲಿಗಾದ್ರೂ ಹೋಗಿ ಬರಣ, ಏನ್ ನೋಡ್ಬೇಕು ಹೇಳು" ಅಂದೆ. "ದಟ್ಟ ಕಾಡು ನೋಡ್ಬೇಕು ಕಣಪ್ಪ. ನಾನು ನೋಡಿರೋದೆಲ್ಲ ನೀಲಗಿರಿ ತೋಪೇ" ಅಂದಳು.

ಹಾಗೆ ದಸರಾ ರಜೆಗೆ ಸೆಕೆಂಡ್ ಹ್ಯಾಂಡ್ ವ್ಯಾಗನಾರ್‌ನಲ್ಲಿ ಅವ್ವ, ಹೆಂಡತಿ, ಪಿಯುಸಿ ಓದೋ ಮಗಳು, ನಾನು. ನೆಲಮಂಗಲ, ಹಾಸನ, ಬೇಲೂರು, ಮೂಡಿಗೆರೆ ದಾಟಿ ಕಳಸದ ಹತ್ತಿರ ಒಂದು ಹೋಂಸ್ಟೇನಲ್ಲಿ ರಾತ್ರಿ ಉಳಿದೆವು. ಒಳ್ಳೇ ಊಟ. ಬಡಿಸುತ್ತಾ ಆ ಮನೆಯಾಕೆ, "ದೇವನಹಳ್ಳಿ ಕಡೆಯವರಂದ್ರೆ ಗೌಡ್ರೇ ಅಲ್ವಾ?" ಅಂತ ಕೇಳಿದರು. ನಾನು ಉತ್ತರ ಹುಡುಕೋದರೊಳಗೆ ಅವ್ವ, "ಅಲ್ಲ ಕಣವ್ವ, ನಾವು ಎಸ್ಸೀನೋರು" ಅಂದು ಇನ್ನೊಂದು ಕಡುಬು ಹಾಕಿಸಿಕೊಂಡಳು. ರಾತ್ರಿ ಸ್ಟೀಲ್ ತಟ್ಟೆ ಇತ್ತು, ಬೆಳಿಗ್ಗೆ ತಿಂಡಿಗೆ ಪೇಪರ್ ಪ್ಲೇಟ್. ಅವಸರಕ್ಕೆ ಕೊಟ್ಟಿರಬಹುದು, ಕೆಲಸದವರು ಬಂದಿಲ್ಲದಿರಬಹುದು. ಖಂಡಿತ ಹೀಗೇ ಅಂತ ಹೇಳೋಕಾಗದ ಇಂಥ ಅನುಮಾನವನ್ನ ನಾವು ಎಲ್ಲಾ ಊರಿಗೂ ಬ್ಯಾಗಿನ ಜೊತೆ ಹೊತ್ಕೊಂಡೇ ಹೋಗಬೇಕು. ಮಗಳ ಮುಖ ಚಿಕ್ಕದಾಯ್ತು. ಅವ್ವ ಮಾತ್ರ, "ತೊಳೆಯೋ ಕೆಲಸ ತಪ್ತಲ್ಲ ಬಿಡು" ಅಂದಳು.

ಕುದುರೆಮುಖ ಊರು ಬಂತು. ಕಬ್ಬಿಣದ ಅದಿರಿನ ಕಂಪನಿ ಕಟ್ಟಿಸಿದ ಊರು. 1976ರಲ್ಲಿ ಶುರುವಾದ ಕಂಪನಿ ಗುಡ್ಡ ಅಗೆದು, ಅದಿರನ್ನ ನೀರಲ್ಲಿ ಕಲಸಿ, ಪೈಪಿನಲ್ಲಿ ಘಟ್ಟ ಇಳಿಸಿ ಮಂಗಳೂರಿಗೆ ಹರಿಸ್ತಿತ್ತು. 1987ರಲ್ಲಿ ಸುತ್ತಲಿನ ಸುಮಾರು 600 ಚದರ ಕಿಲೋಮೀಟರ್ ಕಾಡು ರಾಷ್ಟ್ರೀಯ ಉದ್ಯಾನ ಅಂತ ಘೋಷಣೆಯಾದ ಮೇಲೂ ಗಣಿ ನಿಲ್ಲಲಿಲ್ಲ. ಪರಿಸರದ ಗೆಳೆಯರು ಸುಪ್ರೀಂ ಕೋರ್ಟಿನ ತನಕ ಬಡಿದಾಡಿ 2005ರ ಕೊನೆಗೆ ನಿಲ್ಲಿಸಿದರು. ಅವರಿಗೆ ನನ್ನ ಸಲಾಮು. ಈಗ ಕ್ವಾರ್ಟರ್ಸ್‌ಗಳು ಪಾಚಿ ಹಿಡಿದು ನಿಂತಿವೆ. ಆಶ್ರಯ ಮನೆಗೆ ಎಂಟು ವರ್ಷ ಅರ್ಜಿ ಹಿಡಿದು ಓಡಾಡಿದ ಅವ್ವ, "ಈಟೊಂದ್ ಮನೆ ಖಾಲಿ ಬಿಟ್ಟವ್ರಲ್ಲಪ್ಪ" ಅಂತ ಕಾರಿನ ಗಾಜಿಗೆ ಹಣೆ ಒತ್ತಿ ಎಣಿಸ್ತಾ ಇದ್ದಳು.

ಚೆಕ್‌ಪೋಸ್ಟಿನಲ್ಲಿ ಗಾಡಿ ನಂಬರು, ಜನ ನಾಲ್ಕು, ಹೊತ್ತು ಎಲ್ಲಾ ಬರೆದು ಚೀಟಿ ಕೊಟ್ಟರು. "ನಡುವೆ ಎಲ್ಲೂ ನಿಲ್ಲಿಸಬಾರದು, ಟೈಮಿಗೆ ಸರಿಯಾಗಿ ದಾಟ್ಬೇಕು." ಒಳ್ಳೇ ನಿಯಮವೇ. ಇಲ್ಲದಿದ್ದರೆ ನಮ್ಮೂರ ಕೆರೆ ಏರಿ ಥರ ಬಾಟ್ಲಿ ರಾಶಿ ಬೀಳ್ತಿತ್ತು.

ಆಮೇಲಿನ ದಾರಿಯನ್ನ ಹೇಗೆ ಬರೀಲಿ? ಮಳೆಗಾಲ ಇನ್ನೂ ಪೂರ್ತಿ ಹೋಗಿರಲಿಲ್ಲ. ಗುಡ್ಡದ ಮೈಗೆಲ್ಲ ಎಳೆ ರಾಗಿ ಪೈರಿನ ಬಣ್ಣದ ಹುಲ್ಲು, ಎರಡು ಗುಡ್ಡ ಸೇರೋ ಮಡಿಕೆಯಲ್ಲಿ ಮಾತ್ರ ಕಪ್ಪಗೆ ಒತ್ತಾದ ಮರಗಳು. ಶೋಲಾ ಕಾಡು ಅಂತಾರೆ. ಮಂಜು ಬಂದು ಗುಡ್ಡವನ್ನೇ ಒರೆಸಿ ಹಾಕೋದು, ಮುಂದಿನ ತಿರುವಿಗೆ ಮತ್ತೆ ಕೊಡೋದು. ರಸ್ತೆ ಪಕ್ಕದಲ್ಲೇ ಕಡಾಂಬಿ ಅಬ್ಬಿ ಬೀಳ್ತಾ ಇತ್ತು. ತುಂಗೆ, ಭದ್ರೆ, ನೇತ್ರಾವತಿ ಮೂರೂ ಹುಟ್ಟೋದು ಇದೇ ಸೀಮೆಯಲ್ಲಿ. ನಲವತ್ತಾರು ವರ್ಷದ ಗುಮಾಸ್ತ ನಾನು, ಕಣ್ಣಲ್ಲಿ ನೀರು ಬಂತು ಅಂದರೆ ನಗಬೇಡಿ. ಇದನ್ನ ನೋಡೋಕೆ ನಮ್ಮ ಮನೇಲಿ ಇಷ್ಟು ತಲೆಮಾರು ಬೇಕಾಯ್ತಲ್ಲ ಅನ್ನಿಸಿತು.

ಅವ್ವ ನೋಡ್ತಿದ್ದ ರೀತಿಯೇ ಬೇರೆ. "ಈಟು ಹುಲ್ಲೈತೆ, ಒಂದು ದನಾನೂ ಇಲ್ವಲ್ಲಾ." ಸ್ವಲ್ಪ ಹೊತ್ತಾದ ಮೇಲೆ, "ಈ ಸೌದೆ ಯಾರು ಆರಿಸ್ತಾರೆ?" ಅದಾದ ಮೇಲೆ ಒಂದು ತಿರುವಿನಲ್ಲಿ, ದೂರದ ಅಡಿಕೆ ಮರಗಳ ನಡುವೆ ಒಂದು ಹೆಂಚಿನ ಮಾಡು ಕಂಡಿತು. ಅಲ್ಲಿಗೆ ಕರೆಂಟ್ ಕಂಬ ಕಾಣಲಿಲ್ಲ. "ಯಾರೋ ಅವ್ರೆ ಕಣಪ್ಪ!" ಅಂದಳು, ಇಡೀ ದಾರಿಯಲ್ಲಿ ಅವಳಿಗೆ ಅದೇ ದೊಡ್ಡ ಪ್ರಾಣಿ ಕಂಡ ಹಾಗೆ. ಇನ್ನೊಂದು ಮೈಲಿ ಹೋದ ಮೇಲೆ, ಕಾಡೊಳಗಿಂದ ಬರೋ ಕಾಲುದಾರಿಯ ಬಾಯಲ್ಲಿ, ಕೊಡೆ ಹಿಡಿದ ಒಬ್ಬ ಅಜ್ಜ ಕೈ ಮಾಡಿದರು. ನಾನು ಚೀಟಿ ನೆನೆಸಿಕೊಂಡೆ. ಅವ್ವ, "ನಿಲ್ಸಪ್ಪ, ವಯಸ್ಸಾದೋರು" ಅಂದಳು. ನಿಲ್ಲಿಸಿದೆ.

ಅಜ್ಜ ಹಿಂದೆ ಕೂತು ಎರಡು ನಿಮಿಷ ಆಗಿರಲಿಲ್ಲ, ಅವ್ವ ತಿರುಗಿ, "ನೀವು ಯಾವ ಪೈಕಿ?" ಅಂತ ಕೇಳಿಯೇ ಬಿಟ್ಟಳು. ಹಿಂದಿನ ರಾತ್ರಿ ನಮಗೆ ಚುಚ್ಚಿದ ಪ್ರಶ್ನೆ ಅದೇ. ಮಗಳು "ಅಜ್ಜೀ!" ಅಂತ ಗದರಿದಳು. ಅವ್ವ ಕೇಳಿದ್ದು ನೆಂಟಸ್ತಿಕೆ ಹುಡುಕೋಕೆ, ಅದು ನನಗೆ ಗೊತ್ತು, ಅಜ್ಜನಿಗೆ ಹೇಗೆ ಗೊತ್ತಾಗಬೇಕು? ಅವರು ಕೊಡೆಯ ತುದಿ ನೋಡ್ತಾ, "ನಾವು ಎಸ್ಸಿ" ಅಂದರು. "ನಾವೂವೆ" ಅಂದಳು ಅವ್ವ. ಅಲ್ಲಿಂದ ಮಾತು ಬಿಚ್ಚಿಕೊಂಡಿತು.

ಅಜ್ಜನ ಅಪ್ಪ, ಅಪ್ಪನ ಅಪ್ಪ ಇದೇ ಕಾಡಂಚಿನಲ್ಲಿ ಯಾರದೋ ಗದ್ದೆ ಉತ್ತವರು, ಬುಟ್ಟಿ ಹೆಣೆದವರು. ಮನೆ ಇರೋ ಜಾಗಕ್ಕೂ, ಅರ್ಧ ಎಕರೆ ಅಡಿಕೆಗೂ ಅರ್ಜಿ ಹಾಕಿದ್ದರು, ತಿರಸ್ಕಾರ ಆಗಿದೆ. "ಮಲೆಕುಡಿಯರಿಗೆ ಎಸ್ಟಿ ಉಂಟು ಮಾರಾಯ್ರೆ. ಅವರಿಗೇ ಸಲೀಸಿಲ್ಲ. ನಾವು ಎಂತ? ನಾವು 'ಇತರೆ'. ಎಪ್ಪತ್ತೈದು ವರ್ಷದ ದಾಖಲೆ ತನ್ನಿ ಅಂತಾರೆ."

ಗೆಳೆಯರೇ, ಇದನ್ನ ಸ್ವಲ್ಪ ಬಿಡಿಸಿ ಹೇಳಬೇಕು. ಅರಣ್ಯ ಹಕ್ಕು ಕಾಯ್ದೆ 2006ರ ಪ್ರಕಾರ ಕಾಡಿನಲ್ಲಿ ನೆಲೆಸಿರೋ ಪರಿಶಿಷ್ಟ ಪಂಗಡದವರು 2005ರ ಡಿಸೆಂಬರ್ 13ಕ್ಕಿಂತ ಮುಂಚಿನಿಂದ ಸ್ವಾಧೀನದಲ್ಲಿದ್ದೇವೆ ಅಂತ ತೋರಿಸಬೇಕು. ಉಳಿದವರು ಅದರ ಜೊತೆಗೆ ಆ ತಾರೀಖಿಗೆ ಮುಂಚಿನ ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲೇ ಇದ್ದೇವೆ ಅಂತ ತೋರಿಸಬೇಕು. ಕಾಡಲ್ಲಿರೋ ದಲಿತರು ಆ ಎರಡನೇ ಸಾಲಿಗೆ ಬೀಳ್ತಾರೆ. ಲೆಕ್ಕ ಹಾಕಿ: 1930. ಆಗ ನಮ್ಮೋರ ಹೆಸರನ್ನ ಯಾರ ಪುಸ್ತಕದಲ್ಲಿ ಯಾರು ಬರೆದಿದ್ದರು? ಗದ್ದೆ ಧಣಿಯ ಹೆಸರಲ್ಲಿ, ಗೇಣಿ ಧಣಿಯ ಹೆಸರಲ್ಲಿ. ಉತ್ತವನ ಹೆಸರು ಬಹುಶಃ ಸಾಲದ ಚೀಟಿಯಲ್ಲಿ ಮಾತ್ರ. ನಮ್ಮ ತಾತನಿಗೆ ಮಂಜೂರಾದ ಒಂದೂವರೆ ಎಕರೆಯ ಪಿಟಿಸಿಎಲ್ ಕೇಸಿಗೆ ಒಂದು ಮೂಲ ಪ್ರತಿ ಹುಡುಕೋಕೆ, ಕಚೇರಿಯಲ್ಲೇ ಕೆಲಸ ಮಾಡೋ ನನಗೆ ನಾಲ್ಕು ವರ್ಷ ಹಿಡಿಯಿತು.

ಆದರೆ ಆ ಕಾಯ್ದೆಯ ನಿಯಮ 13ರಲ್ಲಿ ಒಂದು ಬಾಗಿಲಿದೆ. ಅರ್ಜಿದಾರರಲ್ಲದ ಹಿರಿಯರ ಹೇಳಿಕೆಯನ್ನ ಬರಹಕ್ಕಿಳಿಸಿದರೆ ಅದೂ ಸಾಕ್ಷ್ಯ. ಬಾವಿ, ಸಮಾಧಿ, ಪೂಜೆಯ ಜಾಗ, ಅವೂ ಸಾಕ್ಷ್ಯವೇ. ಅಜ್ಜನಿಗೆ ಇದನ್ನ ಹೇಳಿದೆ. "ಸಮಾಧಿ ಉಂಟು. ನನ್ನ ಅಜ್ಜಿಯದ್ದು, ಹಲಸಿನ ಮರದ ಬುಡದಲ್ಲಿ. ಅದನ್ನು ಯಾರೂ ಕೇಳಲೇ ಇಲ್ಲ" ಅಂದರು.

ಕಾಡು ಉಳೀಬೇಕು, ಅದರಲ್ಲಿ ನನಗೆ ಎರಡು ಮಾತಿಲ್ಲ. ಸಿಂಗಳೀಕ ಬದುಕಬೇಕು. ಗಣಿ ಇದ್ದಿದ್ದರೆ ಆ ಹುಲ್ಲಿನ ಗುಡ್ಡ ಇವತ್ತು ಗುಂಡಿಯಾಗಿರ್ತಿತ್ತು. ಆದರೆ ಉದ್ಯಾನ ಅಂತ ಘೋಷಿಸಿದ ಮೇಲೂ ಹದಿನೆಂಟು ವರ್ಷ ಕಂಪನಿಗೆ ಕಾದ ವ್ಯವಸ್ಥೆ, ಅರ್ಧ ಎಕರೆ ಅಡಿಕೆಯ ಅಜ್ಜನ ಹತ್ತಿರ ಮಾತ್ರ ಬ್ರಿಟಿಷರ ಕಾಲದ ಕಾಗದ ಕೇಳುತ್ತೆ. ಚನ್ನರಾಯಪಟ್ಟಣದಲ್ಲಿ ನಮ್ಮನ್ನ 'ಅಭಿವೃದ್ಧಿ'ಗೆ ಎದ್ದೇಳಿ ಅಂದರು, ಇಲ್ಲಿ 'ಸಂರಕ್ಷಣೆ'ಗೆ ಎದ್ದೇಳಿ ಅಂತಾರೆ. ಏಳಬೇಕಾದವರ ಪಟ್ಟಿ ಮಾತ್ರ ಎರಡೂ ಕಡೆ ಒಂದೇ ಥರ ಇರುತ್ತೆ.

ಎಸ್.ಕೆ. ಬಾರ್ಡರ್ ದಾಟಿ ಘಟ್ಟ ಇಳಿದು ಆಚೆ ಚೆಕ್‌ಪೋಸ್ಟಿಗೆ ಬಂದೆವು. ಚೀಟಿ ಇಸ್ಕೊಂಡ ಹುಡುಗ ತಲೆ ಎಣಿಸಿದ. "ನಾಲ್ಕು ಅಂತ ಉಂಟು, ಐದು ಇದ್ದೀರಿ. ನಡುವೆ ನಿಲ್ಲಿಸಿದ್ರಾ?" ನಾನು ತಪ್ಪಾಯ್ತು ಅನ್ನೋಕೆ ಬಾಯಿ ತೆರೆದೆ. ಅಜ್ಜ ಹಿಂದಿನ ಗಾಜು ಇಳಿಸಿ, "ನಾನು ಮಾರಾಯ. ನಡುವೆ ಎಂತದು? ನಾನು ಮನೆಯಿಂದ ಬಂದದ್ದು" ಅಂದರು. ಹುಡುಗನಿಗೆ ಗುರುತಿತ್ತು, ನಕ್ಕು ಗೇಟು ಎತ್ತಿದ.

ಬಜಗೋಳಿಯಲ್ಲಿ ಅಜ್ಜ ಇಳಿದರು. ಮೊಮ್ಮಗನ ನಂಬರು ಕೊಟ್ಟಿದ್ದರು. ವಾರದ ಮೇಲೆ ಆ ಹುಡುಗ ತಿರಸ್ಕಾರದ ಹಿಂಬರಹದ ಫೋಟೊ ಕಳಿಸಿದ. ಒಂದೇ ಸಾಲು, ಸಮಾಧಿಯ ಮಾತೂ ಇಲ್ಲ, ಹಿರಿಯರ ಹೇಳಿಕೆಯ ಮಾತೂ ಇಲ್ಲ. ಮರುಪರಿಶೀಲನೆಗೆ ಅರ್ಜಿ ಬರೆದಿದ್ದೇನೆ. ಕಾರ್ಕಳ, ಕಳಸ ಕಡೆ ಅರಣ್ಯ ಹಕ್ಕಿನ ಕೆಲಸ ಮಾಡ್ತಿರೋ ಗೆಳೆಯರು, ವಕೀಲರು ಇದ್ದರೆ ಇನ್‌ಬಾಕ್ಸಿಗೆ ಬನ್ನಿ. ಊರಿನ ಹಿರಿಯರ ಹೇಳಿಕೆ ಬರೆಸಿಕೊಳ್ಳೋಕೆ ಸ್ಥಳಕ್ಕೆ ಹೋಗೋರು ಬೇಕು. ಬೇಗ ಬೇಕು, ಆ ಹೇಳಿಕೆ ಕೊಡಬಲ್ಲವರಿಗೆಲ್ಲ ಎಂಬತ್ತು ದಾಟಿದೆ.

ಅವ್ವ ದಿನಾ ಸಂಜೆ ನಾನು ಆಫೀಸಿಂದ ಬಂದು ಚಪ್ಪಲಿ ಬಿಡೋ ಮೊದಲೇ ಕೇಳ್ತಾಳೆ, "ಆ ಕೊಡೆ ಅಜ್ಜನ ಕಾಗದ ಏನಾಯ್ತಪ್ಪ?"