ಶೇಕಡ 28.1

ಸುಳ್ಳು ಹೇಳುವವರು ದಶಮಾಂಶ ಬಳಸಬೇಕು. ‘ನಿಮ್ಮ ಫೋನು ಕಾಲುಭಾಗ ಹಾಳಾಗಿದೆ’ ಅಂದರೆ ಯಾರೂ ಕಿವಿಗೊಡುವುದಿಲ್ಲ. ಮುಕ್ಕಾಲು ಭಾಗ ಚೆನ್ನಾಗಿದೆಯಲ್ಲ ಎಂದು ಸಮಾಧಾನ ಪಟ್ಟುಕೊಳ್ಳುತ್ತಾರೆ. ‘ನಾಲ್ಕು ವೈರಸ್ ಸೇರಿ ನಿಮ್ಮ ಫೋನು ಶೇಕಡ 28.1ರಷ್ಟು ಹಾಳಾಗಿದೆ’ ಅಂದು ನೋಡಿ, ಎದೆ ಧಸಕ್ಕೆನ್ನುತ್ತದೆ. ಕಸುಬೆಲ್ಲ ಇರುವುದು ಆ ‘ಪಾಯಿಂಟ್ ಒಂದ’ರಲ್ಲಿ. ಯಾರೋ ಕೂತು ಅಳೆದಿದ್ದಾರೆ ಅನ್ನಿಸಿಬಿಡುತ್ತದೆ. ಹೊಸ ಫೋನು, ಹಳೇ ಫೋನು, ಕೈಯಿಂದ ಬಿದ್ದು ಗಾಜು ಒಡೆದ ಫೋನು, ಎಲ್ಲವೂ ಕರಾರುವಾಕ್ಕಾಗಿ 28.1ರಷ್ಟೇ ಹಾಳಾಗುತ್ತಿದ್ದವು. ಹಾಳಾದದ್ದು ಯಾವ ಭಾಗ ಎಂದು ಕೇಳುವಷ್ಟು ವ್ಯವಧಾನ ಯಾರಿಗಿತ್ತು?

ಬ್ರೌಸರಿನಲ್ಲಿ ಹಾರಿ ಬರುವ ಈ ಸುಳ್ಳು ಎಚ್ಚರಿಕೆಯ ಸಮಯವನ್ನೂ ನೋಡಬೇಕು. ಇವತ್ತಿನ ರಾಹುಕಾಲ ಎಷ್ಟು ಹೊತ್ತಿಗೆ ಎಂದು ಹುಡುಕುತ್ತಿರುತ್ತೀರಿ, ಅಥವಾ ಮೊನ್ನೆ ಬಿಡುಗಡೆಯಾದ ಸಿನಿಮಾ ಎಲ್ಲಾದರೂ ಪುಕ್ಕಟೆ ಸಿಗುತ್ತದೆಯೇ ಎಂದು. ಎರಡನೆಯವರಿಗೆ ಮನಸ್ಸಿನಲ್ಲಿ ಮೊದಲೇ ಅಳುಕು. ಇದ್ದಕ್ಕಿದ್ದಂತೆ ಪರದೆ ಕೆಂಪಗಾಗುತ್ತದೆ, ಒಂದು ತ್ರಿಕೋನ, ಅದರೊಳಗೊಂದು ಆಶ್ಚರ್ಯಸೂಚಕ. ಒಂದು ಕಾಲದಲ್ಲಿ ಫೋನು ಗಡಗಡ ನಡುಗುತ್ತಲೂ ಇತ್ತು. ನಡುಗಿಸುವ ಅಧಿಕಾರವನ್ನು ಬ್ರೌಸರ್ ಕಂಡಕಂಡ ಪುಟಕ್ಕೆಲ್ಲ ಧಾರಾಳವಾಗಿ ಕೊಟ್ಟಿತ್ತು. ಆಮೇಲೆ ಕ್ರೋಮ್‌ನವರು, ನೋಡುವವರು ಪರದೆಯನ್ನು ಒಮ್ಮೆ ಮುಟ್ಟುವ ತನಕ ನಡುಗಿಸಕೂಡದು ಎಂದು ಕಡಿವಾಣ ಹಾಕಿದರು.

ನಿಮ್ಮ ಫೋನು ಯಾವ ಕಂಪನಿಯದು, ನೀವು ಯಾವ ಊರಲ್ಲಿದ್ದೀರಿ ಎಂಬುದನ್ನೂ ಅದು ಹೇಳುತ್ತದೆ. ಇದರಲ್ಲಿ ಪವಾಡವೇನಿಲ್ಲ. ಯಾವ ಪುಟ ತೆರೆದರೂ ನಮ್ಮ ಬ್ರೌಸರ್ ತಾನೇ ಮುಂದಾಗಿ ‘ನಾನು ಇಂಥ ಬಗೆಯ ಫೋನಿನಿಂದ ಬಂದವನು’ ಎಂದು ಪರಿಚಯ ಹೇಳಿಕೊಳ್ಳುತ್ತದೆ. ಊರು ತಿಳಿಯುವುದು ಇಂಟರ್‌ನೆಟ್ ವಿಳಾಸದಿಂದ, ಅದೂ ಅಂದಾಜಿನ ಮೇಲೆ. ಹಾಗಾಗಿ ಶಿರಸಿಯಲ್ಲಿ ಕೂತವರಿಗೆ ‘ಬೆಂಗಳೂರಿನ ಬಳಕೆದಾರರೇ, ಅಪಾಯ!’ ಎಂಬ ಬೆದರಿಕೆ ಬರುವುದುಂಟು. ಪಾಪ, ಬೆಂಗಳೂರಿನವರು ಎಂದುಕೊಂಡು ಸುಮ್ಮನಿದ್ದರಾಯಿತು. ಉಳಿದದ್ದೆಲ್ಲ ಚಿತ್ರ. ಸೊನ್ನೆಯಿಂದ ನೂರಕ್ಕೆ ಓಡುವ ಆ ಪಟ್ಟಿ ಏನನ್ನೂ ಶೋಧಿಸುತ್ತಿರುವುದಿಲ್ಲ. ವೆಬ್ ಪುಟಗಳು ಫೋನಿನ ಒಳಗೆ ಇಣುಕದಂತೆ ಬ್ರೌಸರ್ ಕಟ್ಟಿಹಾಕಿರುತ್ತದೆ. ವೈರಸ್ ಇದೆಯೋ ಇಲ್ಲವೋ ಆ ಪುಟಕ್ಕೆ ತಿಳಿಯುವ ಬಗೆಯೇ ಇಲ್ಲ.

ಇದಕ್ಕೆ ಬಲಿಯಾಗುವವರು ಪೆದ್ದರು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಪೆದ್ದರಿಗಿಂತ ವಿಧೇಯರಿಗೇ ಇದರ ಕಾಟ ಹೆಚ್ಚು. ಕಾಲೇಜು ಹುಡುಗರು ಏನನ್ನೂ ಓದುವುದಿಲ್ಲ. ಕೆಂಪು ಪರದೆ ಬಂತೋ, ಹೆಬ್ಬೆರಳಿನಿಂದ ಒಂದು ತಳ್ಳು, ಮುಗಿಯಿತು. ನಮ್ಮ ರಸ್ತೆಯ ಕೊನೇ ಮನೆಯ ಮೇಷ್ಟ್ರು ಹಾಗಲ್ಲ. ಹೈಸ್ಕೂಲ್ ಹೆಡ್‌ಮಾಸ್ಟರಾಗಿ ನಿವೃತ್ತರಾದವರು. ಬಿಇಒ ಕಚೇರಿಯಿಂದ ಬಂದ ಒಂದೇ ಒಂದು ಸುತ್ತೋಲೆಯನ್ನೂ ಉತ್ತರ ಬರೆಯದೆ ಬಿಟ್ಟವರಲ್ಲ. ನೋಟಿಸು ಅಂದರೆ ಕನ್ನಡಕ ಹಾಕಿಕೊಂಡು, ದಿನಾಂಕದಿಂದ ಸಹಿಯವರೆಗೆ ಓದಬೇಕಾದ ವಸ್ತು ಅವರ ಪಾಲಿಗೆ. ಎರಡು ನಿಮಿಷದೊಳಗೆ ಗುಂಡಿ ಒತ್ತದಿದ್ದರೆ ಸಿಮ್ ಕಾರ್ಡ್ ಕೆಟ್ಟು, ಫೋನ್ ನಂಬರುಗಳು, ಫೋಟೋಗಳು ಎಲ್ಲ ನಾಶವಾಗುತ್ತವೆ ಎಂಬ ನೋಟಿಸು ಬಂದಾಗ ಅವರು ಅದನ್ನು ಡೈರಿಗೆ ಬರೆದುಕೊಳ್ಳತೊಡಗಿದರಂತೆ. ಬರೆದು ಮುಗಿಯುವುದರೊಳಗೆ ಗಡಿಯಾರ ಸೊನ್ನೆಗೆ ಬಂತು. ಏನೂ ಆಗಲಿಲ್ಲ. ಪುಟ ಒಮ್ಮೆ ಮಿನುಗಿ ಮತ್ತೆ ಎರಡು ನಿಮಿಷದಿಂದ ಎಣಿಕೆ ಶುರು.

“ನೋಡ್ರೀ, ಗಡುವು ಮುಗಿದ ತಕ್ಷಣ ಗಡುವು ವಿಸ್ತರಣೇನೂ ಮಾಡಿದ್ದಾರೆ. ಇದು ಖಂಡಿತ ಗೌರ್ಮೆಂಟಿಂದೇ” ಅಂದರು ನನ್ನ ಹತ್ತಿರ.

ಅವರ ತರ್ಕದಲ್ಲಿ ತಪ್ಪು ಹುಡುಕಲು ನನಗಾಗಲಿಲ್ಲ. ಸರ್ಕಾರದ ಹೆಸರಿನಲ್ಲೂ ಈ ಆಟ ನಡೆದಿದೆಯಲ್ಲ. ಪರದೆ ತುಂಬ ಸಿಂಹಲಾಂಛನ. ‘ನೀವು ಅಶ್ಲೀಲ ತಾಣ ನೋಡಿದ್ದೀರಿ, ಬ್ರೌಸರ್ ಮುಟ್ಟುಗೋಲು ಹಾಕಲಾಗಿದೆ, ದಂಡ ಮೂರು ಸಾವಿರ’ ಎಂಬ ಆದೇಶ. 2021ರಲ್ಲಿ ದೆಹಲಿ ಪೊಲೀಸರು ಇಂಥ ಒಂದು ಜಾಲವನ್ನು ಹಿಡಿದರು. ದಂಡ ಕಟ್ಟಿದವರೆಷ್ಟೋ, ಅವರು ಯಾರ ಹತ್ತಿರ ದೂರು ಹೇಳಿಕೊಂಡಾರು?

ವೈರಸ್ಸಿನ ವಂಶಾವಳಿ ಕೆದಕಿದರೆ ಇನ್ನೂ ಮಜಾ ಇದೆ. ಐಬಿಎಂ ಪಿಸಿಗೆ ಅಂಟಿದ ಮೊದಲ ವೈರಸ್ ಎಂದು ಹೆಸರಾದದ್ದು 1986ರ ‘ಬ್ರೇನ್’. ಬರೆದವರು ಲಾಹೋರಿನ ಬಾಸಿತ್ ಮತ್ತು ಅಮ್ಜದ್ ಫಾರೂಕ್ ಅಲ್ವಿ ಎಂಬ ಅಣ್ಣತಮ್ಮಂದಿರು. ಫ್ಲಾಪಿಯ ಮೊದಲ ಭಾಗದಲ್ಲಿ ಕೂರುವ ಆ ವೈರಸ್ಸಿನೊಳಗೆ ಅವರು ತಮ್ಮ ಹೆಸರು, ಅಂಗಡಿಯ ವಿಳಾಸ, ಫೋನ್ ನಂಬರು ಎಲ್ಲ ಬರೆದು, ಲಸಿಕೆಗಾಗಿ ಸಂಪರ್ಕಿಸಿ ಎಂದು ಸೇರಿಸಿದ್ದರು. ತಮ್ಮ ಸಾಫ್ಟ್‌ವೇರನ್ನು ಕದ್ದು ನಕಲು ಮಾಡುವವರಿಗೆ ಬುದ್ಧಿ ಕಲಿಸಲು ಹಾಗೆ ಮಾಡಿದೆವು ಎಂಬುದು ಅವರ ಸಮಜಾಯಿಷಿ. 2011ರಲ್ಲಿ ಫಿನ್ಲೆಂಡಿನ ಭದ್ರತಾ ತಜ್ಞ ಮಿಕ್ಕೊ ಹಿಪ್ಪೊನೆನ್ ಆ ವಿಳಾಸ ಹಿಡಿದು ಹೋದರೆ, ಅಣ್ಣತಮ್ಮಂದಿರು ಅಲ್ಲೇ ಇದ್ದರು! ಅದು ನಿಜವಾದ ವೈರಸ್, ಅದರೊಳಗಿದ್ದದ್ದು ನಿಜವಾದ ವಿಳಾಸ. ಈಗ ವೈರಸ್ಸೂ ಸುಳ್ಳು, ವಿಳಾಸವೂ ಸುಳ್ಳು. ಕಲಬೆರಕೆಯ ಕಾಲ ಎಂದು ಹಿರಿಯರು ಗೊಣಗುವುದು ಸುಮ್ಮನೆ ಅಲ್ಲ.

ಪಾಪ್-ಅಪ್ ಎಂಬ ಹಾರುಕಿಟಕಿಗೂ ಒಬ್ಬ ಕರ್ತೃ ಇದ್ದಾನೆ. ಈಥನ್ ಝುಕರ್‌ಮನ್ ಎಂಬಾತ 1990ರ ದಶಕದಲ್ಲಿ ಟ್ರೈಪಾಡ್ ಎಂಬ ಕಂಪನಿಯಲ್ಲಿದ್ದಾಗ ಅದಕ್ಕೆ ಕೋಡ್ ಬರೆದ. ಒಂದು ಕಾರು ಕಂಪನಿಯ ಜಾಹೀರಾತು ಯಾವುದೋ ಅಶ್ಲೀಲ ಪುಟದಲ್ಲಿ ಕಾಣಿಸಿ ಅವರು ರೇಗಿದರಂತೆ. ಜಾಹೀರಾತನ್ನು ಬೇರೆಯೇ ಕಿಟಕಿಯಲ್ಲಿ ತೋರಿಸಿದರೆ ಆ ಪುಟಕ್ಕೂ ಇದಕ್ಕೂ ಸಂಬಂಧವಿಲ್ಲ ಎನ್ನಬಹುದಲ್ಲ ಎಂಬ ಉಪಾಯ. 2014ರಲ್ಲಿ ‘ದಿ ಅಟ್ಲಾಂಟಿಕ್’ ಪತ್ರಿಕೆಯಲ್ಲಿ ಆತ ಲೋಕದ ಕ್ಷಮೆ ಕೇಳಿದ. ಕ್ಷಮಿಸಬಹುದು. ಮಡಿ ಕಾಪಾಡಲು ಹೋಗಿ ಮೈಲಿಗೆ ಹರಡಿದವರು ನಮ್ಮಲ್ಲೂ ಇದ್ದಾರೆ.

ಇಂಥ ಸುಳ್ಳು ಎಚ್ಚರಿಕೆಯಿಂದ ಯಾರಿಗೇನು ಲಾಭ? ಫೋನಿನಲ್ಲಾದರೆ ಯಾವುದೋ ‘ಕ್ಲೀನರ್’ ಆ್ಯಪ್ ಹಾಕಿಸಿ ಕಮಿಷನ್ ಹೊಡೆಯುತ್ತಾರೆ. ಕಂಪ್ಯೂಟರಿನದು ದೊಡ್ಡ ನಾಟಕ. ಪರದೆ ತುಂಬಿಕೊಂಡು ‘ಈ ನಂಬರಿಗೆ ಕರೆ ಮಾಡಿ’ ಅನ್ನುತ್ತದೆ. ತನ್ನ ಅಸಲಿ ಎಚ್ಚರಿಕೆಗಳಲ್ಲಿ ಫೋನ್ ನಂಬರ್ ಇರುವುದೇ ಇಲ್ಲ ಎಂದು ಮೈಕ್ರೋಸಾಫ್ಟ್ ಸಾರಿ ಹೇಳುತ್ತಲೇ ಬಂದಿದೆ. ಕರೆ ಮಾಡಿದರೆ ವಿನಯದ ದನಿಯೊಂದು, ದೂರದಿಂದಲೇ ಕಂಪ್ಯೂಟರ್ ನಡೆಸುವ ಆ್ಯಪ್ ಹಾಕಿಸಿಕೊಂಡು, ವಿಂಡೋಸ್‌ನ ‘ಈವೆಂಟ್ ವ್ಯೂವರ್’ ತೆರೆದು ತೋರಿಸುತ್ತದೆ. ಅದೊಂದು ದಿನಚರಿ ಪುಸ್ತಕ, ಅಷ್ಟೆ. ಯಾವುದೋ ಪ್ರೋಗ್ರಾಮು ಏಳಲು ತಡಮಾಡಿದರೂ ಅಲ್ಲೊಂದು ಕೆಂಪು ಗುರುತು ಬೀಳುತ್ತದೆ. ಅಂಗಡಿಯಿಂದ ನಿನ್ನೆ ತಂದ ಕಂಪ್ಯೂಟರಿನಲ್ಲೂ ಇರುತ್ತದೆ. ಕಣಿ ಹೇಳುವವಳು ಬಾಗಿಲಲ್ಲಿ ನಿಂತು ‘ಈ ಮನೇಲಿ ಯಾರಿಗೋ ಮಂಡಿನೋವೈತೆ’ ಅಂದ ಹಾಗೆ: ಯಾರ ಮನೆಯಲ್ಲಿಲ್ಲ? ಆಮೇಲೆ ರಿಪೇರಿಗೆ ಇಷ್ಟು ಡಾಲರ್ ಎಂಬ ಲೆಕ್ಕ. ಆ ವಿನಯದ ದನಿಗಳಲ್ಲಿ ಬಹಳಷ್ಟು ನಮ್ಮ ದೇಶದ್ದೇ ಎನ್ನುವುದು ಹೇಳಿಕೊಳ್ಳುವಂಥ ಸಂಗತಿಯಲ್ಲ. 2023ರ ಅಕ್ಟೋಬರಿನಲ್ಲಿ ‘ಆಪರೇಷನ್ ಚಕ್ರ-2’ ಎಂದು ಸಿಬಿಐ ದೇಶದ 76 ಕಡೆ ಶೋಧ ನಡೆಸಿತು. ಅದರಲ್ಲಿ ಇಂಥ ಕಾಲ್ ಸೆಂಟರುಗಳ ಮೇಲೆ ಮೈಕ್ರೋಸಾಫ್ಟ್ ಮತ್ತು ಅಮೆಜಾನ್ ಕೊಟ್ಟ ದೂರುಗಳೂ ಇದ್ದವು. ಅಮೆರಿಕದ ಯಾವುದೋ ಮೂಲೆಯ ಅಜ್ಜಿಯ ಉಳಿತಾಯ ಕರಗಿಸಲು ನಮ್ಮ ಹುಡುಗರು ರಾತ್ರಿಪಾಳಿ ಮಾಡುತ್ತಿದ್ದರು.

ಮೇಷ್ಟ್ರ ಫೋನಿಗೆ ಬರೋಣ. ಗುಂಡಿ ಒತ್ತುವ ಮೊದಲೇ ಮೊಮ್ಮಗಳು ಬಂದಳು.

“ತಾತ, ಏನನ್ನೂ ಮುಟ್ಟಬೇಡಿ.”

“ಮೂಲೇಲಿ ಇಂಟು ಮಾರ್ಕ್ ಇದೆಯಲ್ಲೇ, ಮುಚ್ಚೋದಕ್ಕೆ?”

“ಅದೂ ಅವರೇ ಬರೆದಿರೋ ಚಿತ್ರ. ಅದನ್ನ ಒತ್ತಿದ್ರೂ ಹೋಗೋದು ಅಲ್ಲಿಗೇ.”

ಇಷ್ಟು ತಿಳಿದರೆ ಅರ್ಧ ಕೆಲಸ ಮುಗಿಯಿತು. ಆ ಪುಟದೊಳಗೆ ಕಾಣುವ ‘ಸರಿ’, ‘ಬೇಡ’, ‘ಮುಚ್ಚು’ ಯಾವುದೂ ನಮ್ಮದಲ್ಲ. ಬ್ರೌಸರಿನ ಟ್ಯಾಬ್ ಪಟ್ಟಿಗೆ ಹೋಗಿ ಆ ಟ್ಯಾಬನ್ನೇ ತೆಗೆಯಬೇಕು. ಕಂಪ್ಯೂಟರಿನಲ್ಲಿ ಪರದೆ ಪೂರ್ತಿ ಆವರಿಸಿ ಕೂತಿದ್ದರೆ ಎಸ್ಕೇಪ್ ಕೀಲಿಯನ್ನು ಸ್ವಲ್ಪ ಹೊತ್ತು ಒತ್ತಿ ಹಿಡಿಯಿರಿ. ಜಗ್ಗದಿದ್ದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರಿನಿಂದ ಬ್ರೌಸರನ್ನೇ ಮುಗಿಸಿ. ಮತ್ತೆ ತೆರೆದಾಗ ‘ಹಿಂದಿನ ಪುಟಗಳನ್ನು ತರಲೇ?’ ಎಂದು ಅದು ಪ್ರೀತಿಯಿಂದ ಕೇಳುತ್ತದೆ. ಬೇಡ ಅನ್ನಿ. ಯಾರಿಗಾದರೂ ಆಗಲೇ ಕಂಪ್ಯೂಟರ್ ಒಪ್ಪಿಸಿ ಹಣವೂ ಹೋಗಿದ್ದರೆ, ಇಂಟರ್‌ನೆಟ್ ಕಿತ್ತು, ಬ್ಯಾಂಕಿಗೂ ಸೈಬರ್ ಅಪರಾಧದ ಸಹಾಯವಾಣಿ 1930ಕ್ಕೂ ತಕ್ಷಣ ಫೋನ್ ಮಾಡುವುದು. ನಾಳೆ ನೋಡೋಣ ಅನ್ನುವ ಹಾಗಿಲ್ಲ.

ಮೇಷ್ಟ್ರಿಗೆ ಇನ್ನೊಂದು ಕಾಟವಿತ್ತು: ಯಾವ ಪುಟವನ್ನೂ ತೆರೆಯದಿದ್ದರೂ ಮಧ್ಯರಾತ್ರಿ ‘ವೈರಸ್! ವೈರಸ್!’ ಎಂದು ಫೋನು ಟಿಣ್ಣೆನ್ನುವುದು. ಕಾರಣ ಬೇರೆ. ಯಾವುದೋ ತಾಣ ‘ನೀವು ಯಂತ್ರಮಾನವರಲ್ಲ ಎಂದು ಸಾಬೀತುಪಡಿಸಲು ಅಲೌ ಒತ್ತಿ’ ಅಂದಿದೆ; ತಾವು ಮನುಷ್ಯರೇ ಎಂದು ಮೇಷ್ಟ್ರು ಪ್ರಾಮಾಣಿಕವಾಗಿ ಒತ್ತಿದ್ದಾರೆ. ಒತ್ತಿದ್ದು ನೋಟಿಫಿಕೇಶನ್ ಕಳಿಸಲು ಒಪ್ಪಿಗೆ. ಕ್ರೋಮ್‌ನ ಸೆಟ್ಟಿಂಗ್ಸ್‌ನಲ್ಲಿ ಸೈಟ್ ಸೆಟ್ಟಿಂಗ್ಸ್, ಅದರೊಳಗೆ ನೋಟಿಫಿಕೇಶನ್ಸ್‌ಗೆ ಹೋಗಿ ಮೊಮ್ಮಗಳು ಒಂದೊಂದಾಗಿ ಕಿತ್ತು ಹಾಕಿದಳು. ಹೆಸರೇ ಉಚ್ಚರಿಸಲಾಗದ ತಾಣಗಳ ದೊಡ್ಡ ಪಟ್ಟಿ.

ಈಗ ಮೇಷ್ಟ್ರು ಯಾವ ನೋಟಿಸನ್ನೂ ನಂಬುವುದಿಲ್ಲ. ಫೋನಿನ ಕಂಪನಿಯಿಂದ ಭದ್ರತಾ ಅಪ್‌ಡೇಟ್ ಬಂದರೂ “ಇವನೂ ಅವನ ಪೈಕಿಯೇ” ಎಂದು ತಳ್ಳಿಹಾಕುತ್ತಿದ್ದರು. ಇದು ಆ ಕೆಂಪು ಪರದೆಗಿಂತ ಕೆಟ್ಟದ್ದು. ಫೋನಿನೊಳಗೆ ನಿಜವಾಗಿ ನುಗ್ಗುವವರಿಗೆ ಬೇಕಾದದ್ದೇ ಅಪ್‌ಡೇಟ್ ಕಾಣದ ಹಳೇ ಸಾಫ್ಟ್‌ವೇರ್. ಕೊನೆಗೆ ತಾತ ಮೊಮ್ಮಗಳ ನಡುವೆ ಒಂದು ರಾಜಿಯಾಯಿತು. ಪರದೆಯ ಮೇಲೆ ಏನು ಬಂದರೂ ಮೇಷ್ಟ್ರು ಓದುವುದಿಲ್ಲ. ಪ್ರತಿ ಭಾನುವಾರ ತಿಂಡಿಯಾದ ಮೇಲೆ ಕನ್ನಡಕ ಹಾಕಿಕೊಂಡು ತಾವೇ ಸೆಟ್ಟಿಂಗ್ಸ್ ತೆರೆದು ‘ಸಿಸ್ಟಂ ಅಪ್‌ಡೇಟ್’ ಎಂಬಲ್ಲಿ ನೋಡುತ್ತಾರೆ. ಇದ್ದರೆ ಹಾಕಿಕೊಂಡು, ದಿನಾಂಕ ಸಮೇತ ಡೈರಿಯಲ್ಲಿ ಬರೆದು, ಕೆಳಗೆ ಸಹಿ ಮಾಡುತ್ತಾರೆ.