ಬಣ್ಣದ ಕೆಳಗಿನ ಮರ

ಜುಲೈ ತಿಂಗಳ ಒಂದು ಬೆಳಿಗ್ಗೆ ಮೊಬೈಲಿಗೆ ಒಂದು ಫೋಟೊ ಬಂತು. ನಾನೇ ಬಣ್ಣ ಬಳಿದು ಮಾರಿದ ತಿಳಿನೀಲಿ ಕಪಾಟು. ಅದರ ಹಿಂಗಾಲಿನ ಹತ್ತಿರ, ಕಂದು ಟೈಲ್ಸಿನ ಮೇಲೆ, ಜರಡಿ ಹಿಡಿದ ಗೋಧಿಹಿಟ್ಟಿನಂಥ ಪುಡಿಯ ಪುಟ್ಟ ಗುಪ್ಪೆ. ಕೆಳಗೆ ಒಂದೇ ಸಾಲು: “ಅಕ್ಕಾ, ದಿನಾ ಗುಡಿಸಿದ್ರೂ ಮತ್ತೆ ಬೀಳ್ತಿದೆ. ಏನಿದು?”

ಏನೆಂದು ನೋಡಿದ ಕೂಡಲೇ ಗೊತ್ತಾಯಿತು. ನಿಜ ಹೇಳಬೇಕೆಂದರೆ ಮಾರ್ಚ್ ತಿಂಗಳಲ್ಲೇ ನನಗೆ ಅರ್ಧ ಗೊತ್ತಿತ್ತು.

ಹಳೆಯ ಪೀಠೋಪಕರಣ ತಂದು, ತಿಕ್ಕಿ, ಬಣ್ಣ ಬಳಿದು ಮಾರುವ ಕೆಲಸಕ್ಕೆ ನಾನು ಯೋಚನೆ ಮಾಡಿ ಇಳಿದವಳಲ್ಲ. ಡೊಂಬಿವಿಲಿಯ ನಮ್ಮ ಸೊಸೈಟಿಯಲ್ಲಿ ಯಾರೋ ಮನೆ ಖಾಲಿ ಮಾಡುವಾಗ ಒಂದು ಬರೆಯುವ ಮೇಜನ್ನು ಕಸದ ಡಬ್ಬಿಯ ಪಕ್ಕ ಇಟ್ಟು ಹೋದರು. ಮೇಲಿನ ಹಲಗೆಯ ಪಾಲಿಶ್ ಕಿತ್ತುಹೋಗಿತ್ತು, ಕಾಲುಗಳು ಮಾತ್ರ ಗಟ್ಟಿ. ಮಗಳ ಓದಿಗೆ ಆಯಿತು ಎಂದು ಮೇಲೆ ತಂದೆ. ಗ್ಯಾಲರಿಯಲ್ಲಿ ಕುಳಿತು ನಾಲ್ಕು ದಿನ ಉಪ್ಪು ಕಾಗದ ತಿಕ್ಕಿ ಹಸಿರು ಬಣ್ಣ ಹಚ್ಚಿದೆ. ನೋಡಿದ ಗೆಳತಿಯೊಬ್ಬಳು “ನನಗೂ ಒಂದು ಮಾಡಿಕೊಡು” ಎಂದಳು. ಹಾಗೆ ಶುರುವಾಯಿತು. ಎರಡನೆಯ ಮೇಜನ್ನು 1,200 ರೂಪಾಯಿಗೆ ತಂದೆ, ಸಾಮಾನಿಗೆ 900 ಖರ್ಚಾಯಿತು, 4,500ಕ್ಕೆ ಹೋಯಿತು. ಮದುವೆಯಾಗಿ ಮುಂಬಯಿಗೆ ಬಂದ ಹದಿನಾರು ವರ್ಷಗಳಲ್ಲಿ ನಾನು ದುಡಿದ ಮೊದಲ ಹಣ ಅದು.

ಆಮೇಲೆ ದಾದರಿನಲ್ಲಿ ಗಾಡಿ ಬದಲಿಸಿ ಜೋಗೇಶ್ವರಿಗೆ ಹೋಗುವುದು ರೂಢಿಯಾಯಿತು. ಜೋಗೇಶ್ವರಿ ಪಶ್ಚಿಮದ ಓಶಿವಾರಾದಲ್ಲಿ ಹಳೆಯ ಪೀಠೋಪಕರಣಗಳ ಅಂಗಡಿಗಳು ಸಾಲಾಗಿವೆ. ಕೆಡವಲು ಹೊರಟ ಹಳೆಯ ಕಟ್ಟಡಗಳಿಂದ, ಮುಚ್ಚಿದ ಆಫೀಸುಗಳಿಂದ ಬಂದ ಕಪಾಟು, ಮಂಚ, ಆರಾಮ ಕುರ್ಚಿಗಳು ಒಂದರ ಮೇಲೊಂದು ಒಟ್ಟಿರುತ್ತವೆ. ಚೋರ್ ಬಜಾರಿನ ಮಟನ್ ಸ್ಟ್ರೀಟಿಗೂ ಹೋಗಿದ್ದೇನೆ, ಆದರೆ ಅಲ್ಲಿನ ದರ ನೋಡಿ ಮುಟ್ಟಿ ಬರುವುದಷ್ಟೇ. ಓಶಿವಾರಾದಲ್ಲಿ ಚೌಕಾಸಿ ಮಾಡಬಹುದು, ಎರಡು ಸಲ ಹೋದರೆ ಚಹಾ ಸಿಗುತ್ತದೆ.

ಧಾರವಾಡದಲ್ಲಿರುವ ಅವ್ವನಿಗೆ ನನ್ನ ಕೆಲಸ ಹಿಡಿಸಲಿಲ್ಲ. ವಿಡಿಯೊ ಕಾಲಿನಲ್ಲಿ ಮೊದಲ ಮೇಜು ನೋಡಿದವಳೇ, “ಸಾಗವಾನಿ ಕಟಗೀಗೆ ಬಣ್ಣಾ ಬಳೀತಾರೇನವಾ? ಬಂಗಾರಕ್ಕ ಸುಣ್ಣಾ ಹಚ್ಚಿಧಂಗಾತು” ಎಂದಳು. ನನಗೂ ಬಿಡಲಿಲ್ಲ. “ಹಂಗಾದ್ರ ಕಲಘಟಗಿ ತೊಟ್ಲಕ್ಕ ಬಣ್ಣ ಇಲ್ಲೇನ? ಅದೂ ಸಾಗವಾನೀನ ಅಲ್ಲಾ?” ಎಂದೆ. ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಕಲಘಟಗಿಯ ತೊಟ್ಟಿಲೆಂದರೆ ತೇಗದ ಮರಕ್ಕೆ ಅರಗಿನ ಬಣ್ಣ ಕೂಡಿಸಿ, ರಾಮಾಯಣ, ಮಹಾಭಾರತದ ಚಿತ್ರ ಬರೆದದ್ದು. ನಮ್ಮ ಓಣಿಯಲ್ಲಿ ಒಂದು ಮನೆಯಲ್ಲಿತ್ತು. ಯಾರ ಮನೆಯಲ್ಲಿ ಕೂಸು ಹುಟ್ಟಿದರೂ ಆ ತೊಟ್ಟಿಲು ಅಲ್ಲಿಗೆ ಹೋಗುತ್ತಿತ್ತು. ನನ್ನನ್ನೂ ಅದರಲ್ಲೇ ಹಾಕಿ ಹೆಸರಿಟ್ಟರಂತೆ. ಅಷ್ಟು ಮನೆ ತಿರುಗಿದರೂ ಅದರ ಕೆಂಪು, ಹಳದಿ ಮಾಸಿರಲಿಲ್ಲ.

ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದು, “ಅದರಾಗ ಬಣ್ಣಾ ಮರಕ್ಕ ಕೂಡಿರತೈತಿ. ನೀ ಹಚ್ಚೂದು ಮ್ಯಾಲಿನ ಹೊದಿಕಿ” ಎಂದಳು. ಆಗ ನಕ್ಕುಬಿಟ್ಟೆ.

ಅವ್ವನ ಮಾತಿನಲ್ಲಿ ಅರ್ಧದಷ್ಟನ್ನು ಮಾತ್ರ ನಾನು ನಿಯಮ ಮಾಡಿಕೊಂಡಿದ್ದೆ. ಒಳ್ಳೆಯ ತೇಗ, ಬೀಟೆ ಸಿಕ್ಕರೆ ಬಣ್ಣ ಹಚ್ಚುವುದಿಲ್ಲ. ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸಿ ಹಚ್ಚುವ ಹಳೆಯ ಪಾಲಿಶ್ ಅಷ್ಟೇ. ಬಣ್ಣ ಇರುವುದು ಕಲಬೆರಕೆ ಸಾಮಾನಿಗೆ: ಮುಂದಿನ ಚೌಕಟ್ಟು ತೇಗ, ಹಿಂದಿನ ಹಲಗೆ ಯಾವುದೋ ಕಾಡುಮರ, ಮೇಲೆ ಪ್ಲೈವುಡ್. ಅಂಥವು ಪಾಲಿಶ್‌ಗೆ ಮೂರು ಬಣ್ಣವಾಗಿ ಕಾಣುತ್ತವೆ. ಪೇಂಟ್ ಹಚ್ಚಿದರೆ ಒಂದಾಗುತ್ತವೆ.

ಬಣ್ಣ ಹಚ್ಚುವುದು ಈ ಕೆಲಸದ ಸಣ್ಣ ಪಾಲು. ಮೊದಲು ಸೋಪಿನ ನೀರಿನಿಂದ ಒರೆಸಿ ವರ್ಷಗಳ ಎಣ್ಣೆಜಿಡ್ಡು, ಮೇಣ ತೆಗೆಯಬೇಕು. ಜಿಡ್ಡು ಉಳಿದರೆ ಎಂಥ ದುಬಾರಿ ಪೇಂಟೂ ಸಿಪ್ಪೆಯಂತೆ ಏಳುತ್ತದೆ. ಆಮೇಲೆ 80 ನಂಬರಿನ ಉಪ್ಪು ಕಾಗದ, ನಂತರ 120, ಕೊನೆಗೆ 220. ಮುಂಬಯಿಯ ಹಾರ್ಡ್‌ವೇರ್ ಅಂಗಡಿಯಲ್ಲಿ ಪಾಲಿಶ್ ಪೇಪರ್ ಎಂದು ಕೇಳಬೇಕು. ತೇಗದ ಮೇಲೆ ಬಿಳಿಯೋ ತಿಳಿಬಣ್ಣವೋ ಹಚ್ಚುವುದಾದರೆ ಮೊದಲು ಅರಗಿನ ಒಂದು ಪದರ ಬೇಕು, ಇಲ್ಲದಿದ್ದರೆ ಮರದೊಳಗಿನ ಹಳದಿ ಕಲೆ ಎರಡು ವಾರದಲ್ಲಿ ಮೇಲೆ ಬರುತ್ತದೆ. ಪ್ರೈಮರ್ ಒಂದು ಸಲ, ಬಣ್ಣ ತೆಳ್ಳಗೆ ಎರಡು ಸಲ, ನಡುವೆ ಪೂರ್ತಿ ಒಣಗಬೇಕು. ಡೊಂಬಿವಿಲಿಯ ಮಳೆಗಾಲದಲ್ಲಿ ಈ ‘ಪೂರ್ತಿ’ ಎನ್ನುವುದಕ್ಕೆ ಅರ್ಥವೇ ಇಲ್ಲ. ವಿದೇಶಿ ವಿಡಿಯೊಗಳಲ್ಲಿ ತೋರಿಸುವ ಚಾಕ್ ಪೇಂಟನ್ನೂ ಪ್ರಯೋಗ ಮಾಡಿದೆ. ಬ್ರಿಟನ್ನಿನ ಆ್ಯನಿ ಸ್ಲೋನ್ 1990ರಲ್ಲಿ ಆ ಹೆಸರಿನಲ್ಲಿ ತಂದ ಮ್ಯಾಟ್ ಬಣ್ಣ ಅದು. ಚಂದ ಬರುತ್ತದೆ, ಆದರೆ ಅದರ ಮೇಲೆ ನಾನು ಹಚ್ಚಿದ ಮೇಣ ನಮ್ಮ ಸೆಕೆಗೆ ಅಂಟಂಟಾಯಿತು. ನಾನು ಮತ್ತೆ ನೀರಿನಲ್ಲಿ ಕಲಸುವ ಎನಾಮೆಲ್‌ಗೆ ಮರಳಿದೆ.

ಒಂದು ವಿಷಯ ತಡವಾಗಿ ಕಲಿತೆ. ಹಳೆಯ ಎಣ್ಣೆಬಣ್ಣದಲ್ಲಿ ಸೀಸ ಇರಬಹುದು. ನಮ್ಮ ದೇಶದಲ್ಲಿ ಮನೆಬಳಕೆಯ ಬಣ್ಣಗಳಲ್ಲಿ ಸೀಸ 90 ಪಿಪಿಎಂ ಮೀರಬಾರದೆಂಬ ನಿಯಮ ಜಾರಿಗೆ ಬಂದದ್ದು 2017ರ ನವೆಂಬರ್ 1ರಿಂದ. ಅದಕ್ಕಿಂತ ಹಳೆಯ ಬಣ್ಣವಿದ್ದರೆ ಒಣದಾಗಿ ತಿಕ್ಕಬಾರದು. ಆ ಧೂಳು ಮಕ್ಕಳಿರುವ ಮನೆಗೆ ವಿಷ. ಈಗ ನೀರು ಚಿಮುಕಿಸಿ, ಮಾಸ್ಕ್ ಹಾಕಿ, ಟೆರೇಸಿನಲ್ಲಿ ತಿಕ್ಕುತ್ತೇನೆ. ಕೆರೆದ ಬಣ್ಣವನ್ನು ಒದ್ದೆ ಬಟ್ಟೆಯಿಂದ ಒರೆಸಿ ಚೀಲದಲ್ಲಿ ಕಟ್ಟುತ್ತೇನೆ. ಮೊದಲಿನ ಮೂರು ನಾಲ್ಕು ಸಾಮಾನನ್ನು ಗ್ಯಾಲರಿಯಲ್ಲೇ, ಮಗಳು ಪಕ್ಕದಲ್ಲಿ ಓದುತ್ತಿರುವಾಗಲೇ ತಿಕ್ಕಿದ್ದೆ ಎಂದು ನೆನೆದರೆ ಇವತ್ತಿಗೂ ಹೊಟ್ಟೆಯಲ್ಲಿ ಕಲಸುತ್ತದೆ.

ಆ ನೀಲಿ ಕಪಾಟಿನ ಮಾತಿಗೆ ಬರುತ್ತೇನೆ. ಫೆಬ್ರವರಿಯ ಕೊನೆಗೆ ಓಶಿವಾರಾದಲ್ಲಿ ಸಿಕ್ಕಿತು. ಎರಡು ಬಾಗಿಲು, ಮೇಲೆ ಗಾಜು, ಕೆಳಗೆ ಹಲಗೆ, ಹಿತ್ತಾಳೆಯ ಚಿಲಕ. ಚೌಕಟ್ಟು ತೇಗ, ಹಿಂಬದಿ ಮತ್ತು ಒಳಗಿನ ಮೂರು ಅಡ್ಡಹಲಗೆ ಕಾಡುಮರ. 3,500ಕ್ಕೆ ಕೊಟ್ಟರು. ಸಾಣೆಗೆ ಕುಳಿತಾಗ ಹಿಂದಿನ ಹಲಗೆಯಲ್ಲಿ ಗುಂಡುಸೂಜಿ ತಲೆಯಷ್ಟು ತೂತುಗಳು ಕಂಡವು, ಇಪ್ಪತ್ತೋ ಇಪ್ಪತ್ತೈದೋ. ಬೆರಳಿನಿಂದ ಬಡಿದಾಗ ಸ್ವಲ್ಪ ಪುಡಿ ಉದುರಿತು.

ಕೀಲು ಸರಿಮಾಡಲು ಬಂದ ಮಿಸ್ತ್ರಿ ನೋಡಿ ಹೇಳಿದ: “ದೀದಿ, ಇದಕ್ಕೆ ಕರಿ ಕಾಗದ ಹಾಸಿ ಎರಡು ತಿಂಗಳು ಬಿಡಿ. ಪುಡಿ ಬೀಳದಿದ್ದರೆ ಹಳೇ ತೂತು. ಬಿದ್ದರೆ ಹುಳ ಒಳಗಿದೆ.” ಮರ ಕೊರೆಯುವ ಈ ಹುಳಗಳ ಮರಿ ಒಳಗೇ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ತಿನ್ನುತ್ತ ಇರುತ್ತದೆ. ನಮಗೆ ಕಾಣುವ ತೂತು ಅದು ಬೆಳೆದು ಹೊರಟುಹೋದ ಬಾಗಿಲು. ತೇಗದ ತಿರುಳಿಗೆ ಅದು ಸುಲಭಕ್ಕೆ ಹೋಗುವುದಿಲ್ಲ, ಮೆತ್ತನೆಯ ಮರದ ಬಿಳಿಭಾಗ ಅದಕ್ಕೆ ಊಟ.

ಎರಡು ತಿಂಗಳು ನನ್ನ ಹತ್ತಿರ ಇರಲಿಲ್ಲ. ಸಂಘದ ಕಾರ್ಯಕ್ರಮದಲ್ಲಿ ಪರಿಚಯವಾದ ಶಿವಮೊಗ್ಗದ ಹುಡುಗಿ, ಮದುವೆಯಾಗಿ ಹೊಸದಾಗಿ ಠಾಣೆಗೆ ಬಂದವಳು, ಫೋಟೊ ನೋಡಿ ಆಗಲೇ ಮಾತು ಕೊಟ್ಟಿದ್ದಳು. ಯುಗಾದಿಗೆ ಅತ್ತೆ ಮಾವ ಬರುವುದರೊಳಗೆ ಬೇಕು ಎಂದಿದ್ದಳು. “ಹಳೇ ತೂತೇ ಇರಬೇಕು” ಎಂದು ನನಗೆ ನಾನೇ ಹೇಳಿಕೊಂಡೆ. ಪುಟ್ಟಿ ತುಂಬಿದೆ, ತಿಕ್ಕಿದೆ, ಪ್ರೈಮರ್ ಹಚ್ಚಿದೆ, ತಿಳಿನೀಲಿ ಎರಡು ಸಲ. ನಾನು ಮಾಡಿದ್ದರಲ್ಲೇ ಚಂದದ ಕೆಲಸ. 11,000 ಕೊಟ್ಟಳು, ಚೌಕಾಸಿ ಮಾಡಲಿಲ್ಲ. “ಗೊತ್ತಿದ್ದವರ ಹತ್ರ ತಗೊಳ್ಳೋದೇ ಒಂದು ಸಮಾಧಾನ ಅಕ್ಕಾ” ಎಂದಳು.

ಆ ಫೋಟೊ ಬಂದ ದಿನ ನಮ್ಮ ಮನೆಯವರು, “ಮಳೆಗಾಲದ ತೇವ ಅಂತ ಹೇಳು, ಔಷಧ ಹೊಡೆಸಿಕೊಡು, ಮುಗೀತು” ಎಂದರು. ಅವರ ಮಾತಿನಲ್ಲಿ ಕೆಟ್ಟ ಉದ್ದೇಶ ಇರಲಿಲ್ಲ. 11,000 ನಮಗೂ ಸಣ್ಣ ಮೊತ್ತವಲ್ಲ. ಠಾಣೆಯವರೆಗೂ ಲೋಕಲ್‌ನಲ್ಲಿ ಅದೇ ವಾಕ್ಯವನ್ನು ಕಲಿತುಕೊಂಡು ಹೋದೆ.

ಕಪಾಟಿನೊಳಗೆ ಅವಳು ಅಮ್ಮ ಕೊಟ್ಟ ರೇಷ್ಮೆ ಸೀರೆ, ಬೆಳ್ಳಿಯ ಸಾಮಾನು, ಪುಸ್ತಕ ಜೋಡಿಸಿದ್ದಳು. ಈಗ ಎಲ್ಲವೂ ಮಂಚದ ಮೇಲೆ ರಾಶಿ ಬಿದ್ದಿದ್ದವು. ಕಪಾಟಿನ ಹಿಂಬದಿಯಲ್ಲಿ ನನ್ನ ನೀಲಿ ಬಣ್ಣವನ್ನೇ ಕೊರೆದು ಹೊಸ ತೂತುಗಳು ಬಂದಿದ್ದವು. ಟೀ ಕೊಟ್ಟು, ಎದುರು ಕುಳಿತು ಕೇಳಿದಳು: “ಅಕ್ಕಾ, ಕೊಡುವಾಗ ನಿಮಗೆ ಗೊತ್ತಿತ್ತಾ?”

ಬೈದಿದ್ದರೆ ತೇವದ ಮಾತು ಹೇಳಿಬಿಡುತ್ತಿದ್ದೆನೇನೋ. ಅವಳು ನಿಜವಾಗಿ ತಿಳಿಯಬೇಕೆಂದು ಕೇಳಿದ್ದಳು. “ತೂತು ನೋಡಿದ್ದೆ. ಪುಡಿಯನ್ನೂ ನೋಡಿದ್ದೆ. ಕಾಯಬೇಕಿತ್ತು, ಕಾಯಲಿಲ್ಲ” ಎಂದೆ. ಅವಳು ಏನೂ ಹೇಳಲಿಲ್ಲ. ಅವಳ ಗಂಡ ಎದ್ದು ಒಳಗೆ ಹೋದ.

ಮರುದಿನ ಟೆಂಪೊ ಮಾಡಿ ಕಪಾಟನ್ನು ವಾಪಸ್ ತಂದೆ. 11,000 ಹಿಂತಿರುಗಿಸಿದೆ. ಟೆಂಪೊಗೆ 1,800. ಮಿಸ್ತ್ರಿ ಹಿಂಬದಿ, ಅಡ್ಡಹಲಗೆ ಎಲ್ಲ ಕಿತ್ತು ಹೊಸದು ಹಾಕಲು 3,200 ತೆಗೆದುಕೊಂಡ. ಕಿತ್ತ ಹಲಗೆಯನ್ನು ಮೊಣಕಾಲಿಗೆ ಒತ್ತಿದರೆ ಹಪ್ಪಳದಂತೆ ಮುರಿಯಿತು. ಒಳಗೆಲ್ಲ ಪುಡಿ. ಹೊರಗೆ ಮಾತ್ರ ನೀಲಿ ಬಣ್ಣದ ಎರಡು ಪದರ ನೆಟ್ಟಗೆ ನಿಂತಿದ್ದವು. ಚೌಕಟ್ಟಿನ ತೇಗಕ್ಕೆ ಏನೂ ಆಗಿರಲಿಲ್ಲ. ಆದರೂ ಸಂದುಗಳಿಗೆಲ್ಲ ಸಿರಿಂಜಿನಿಂದ ಔಷಧ ಬಿಟ್ಟೆವು.

ಅವ್ವನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಬೈಯುತ್ತಾಳೆ ಎಂದುಕೊಂಡಿದ್ದೆ. “ರೊಕ್ಕ ಕೊಟ್ಟಿಯಿಲ್ಲೊ?” ಎಂದು ಕೇಳಿದಳು. ಕೊಟ್ಟೆ ಎಂದೆ. “ಹಂಗಾರ ಊಟಾ ಮಾಡು” ಎಂದಳು.

ಈಗ ನನ್ನ ಪ್ರತಿ ಸಾಮಾನಿನ ಜೊತೆ ಒಂದು ಹಾಳೆ ಹೋಗುತ್ತದೆ. ಬಣ್ಣ ಹಚ್ಚುವ ಮೊದಲಿನ ನಾಲ್ಕು ಫೋಟೊ, ಯಾವ ಭಾಗ ಯಾವ ಮರ, ಎಲ್ಲಿ ಬಿರುಕು, ಎಲ್ಲಿ ಪುಟ್ಟಿ, ತೂತು ಇದ್ದರೆ ಎಷ್ಟು ದಿನ ಕಾದೆ, ಯಾವ ಔಷಧ ಹಾಕಿದೆ. ಆ ಹಾಳೆ ಓದಿ ಹಿಂದೆ ಸರಿದವರಿದ್ದಾರೆ. ಒಂದು ಡ್ರೆಸಿಂಗ್ ಟೇಬಲ್ ಐದು ತಿಂಗಳು ಹಾಗೇ ಉಳಿಯಿತು. ವರ್ಷಕ್ಕೆ ಹದಿನೈದು ಮಾಡುತ್ತಿದ್ದವಳು ಈಗ ಎಂಟೋ ಒಂಬತ್ತೋ ಮಾಡುತ್ತೇನೆ, ಕಾಯುವುದಕ್ಕೇ ಜಾಗ ಬೇಕಲ್ಲ.

ನೀವೂ ಹಳೆಯ ಬಣ್ಣದ ಕಪಾಟು ಕೊಳ್ಳಲು ಹೋದರೆ ಮುಂಭಾಗ ನೋಡುತ್ತ ನಿಲ್ಲಬೇಡಿ. ಡ್ರಾಯರ್ ಪೂರ್ತಿ ಹೊರಗೆಳೆದು ಅದರ ತಳ ನೋಡಿ, ಗೋಡೆಯಿಂದ ಸರಿಸಿ ಹಿಂಬದಿ ನೋಡಿ, ಕಾಲಿನ ಅಡಿ ನೋಡಿ. ಕುಂಚ ಹೋಗದ ಜಾಗಗಳವು. ಬಣ್ಣದ ಮೊದಲಿನ ಫೋಟೊ ಕೇಳಿ. ಕೇಳಿದ್ದಕ್ಕೆ ಮುಖ ಗಂಟಿಕ್ಕುವವರಾದರೆ ಬಿಟ್ಟುಬನ್ನಿ.

ಶಿವಮೊಗ್ಗದ ಹುಡುಗಿ ಆಮೇಲೆ ಸ್ಟೀಲ್ ಕಪಾಟು ಕೊಂಡಳೆಂದು ಕೇಳಿದೆ. ಸಂಘದಲ್ಲಿ ಸಿಕ್ಕರೆ ಮಾತಾಡಿಸುತ್ತಾಳೆ, ಮೊದಲಿನಷ್ಟಲ್ಲ. ಅದು ನ್ಯಾಯವೇ. ನೀಲಿ ಕಪಾಟು ನಮ್ಮ ಅಡುಗೆಮನೆಯಲ್ಲಿದೆ. ಹೊಸ ಹಿಂಬದಿಗೆ ಬಣ್ಣ ಹಚ್ಚಿಲ್ಲ. ಮೂವರು ಕೇಳಿದರು, ಕೊಡಲಿಲ್ಲ. ಅಡಿಯಲ್ಲಿ ಕರಿ ಕಾಗದ ಹಾಸಿದ್ದೇನೆ. ಭಾನುವಾರ ಭಾನುವಾರ ಎಳೆದು ನೋಡುತ್ತೇನೆ. ಎರಡು ಮಳೆಗಾಲ ಕಳೆಯಿತು, ಏನೂ ಬಿದ್ದಿಲ್ಲ. ಮೊನ್ನೆ ಕಾಗದ ಹಳೆಯದಾಯಿತೆಂದು ತೆಗೆದೆ, ಹೊಸದು ಹಾಸಿದೆ.